ಬಾಣಂತಿ ಪಥ್ಯದಿಂದ ಹಾಲು ಕಡಿಮೆಯಾಗುತ್ತದೆಯೇ? ಮಗುವಿಗೆ ಹಾಲು ಸಾಲುತ್ತಿದೆಯೆಂದು ತಿಳಿಯುವುದು ಹೇಗೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಚೊಚ್ಚಲ ಹೆರಿಗೆ, ಸಿಸೇರಿಯನ್ ಆಗಿ 12 ದಿನ, ತವರಿನಲ್ಲಿ ಬಾಣಂತನ. ಊಟಕ್ಕೆ ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ. ಬೇಳೆ, ತರಕಾರಿ, ಹಣ್ಣು, ಮೊಸರು ಯಾವುದೂ ಇಲ್ಲ. ದಿನಕ್ಕೆ ಎರಡು ಮೂರು ಲೋಟ ಬಿಸಿನೀರು. ಹುಟ್ಟಿದಾಗ 2.9 ಕೆ.ಜಿ. ಇದ್ದ ಮಗು ಸಂಜೆಯಾದರೆ ಅಳು ನಿಲ್ಲಿಸುವುದಿಲ್ಲ. ಹಾಲು ಸಾಲದು, ಡಬ್ಬಿ ಹಾಲು ಹಾಕೋಣ ಎಂದು ಮನೆಯಲ್ಲಿ ಮಾತು ಬಂದಿದೆ. ಪಥ್ಯದಿಂದಲೇ ಹಾಲು ಕಡಿಮೆಯಾಯಿತೇ ಎಂದು ಕೇಳಿದ್ದೀರಿ.

ಹಾಲು ಎಷ್ಟು ಬರುತ್ತದೆ ಎಂಬುದಕ್ಕೂ ಪಥ್ಯಕ್ಕೂ ನಂಟು ಬಹಳ ಕಡಿಮೆ. ಎದೆಯಿಂದ ಎಷ್ಟು ಹಾಲು ಹೊರಗೆ ಹೋಗುತ್ತದೋ ಅಷ್ಟು ಮತ್ತೆ ತಯಾರಾಗುತ್ತದೆ. ಅರೆಹೊಟ್ಟೆ ಉಣ್ಣುವ ತಾಯಿಯಲ್ಲೂ ದೇಹ ಹಾಲನ್ನು ಉಳಿಸಿಕೊಳ್ಳುತ್ತದೆ. ಆದರೆ ಆ ಹಾಲಿನಲ್ಲಿ ಇರಬೇಕಾದ ಕೆಲವು ಸತ್ವಗಳು ನಿಮ್ಮ ತಟ್ಟೆಯಿಂದಲೇ ಹೋಗಬೇಕು. ಅವುಗಳಲ್ಲಿ ಬಿ1, ಅಂದರೆ ಥಯಮಿನ್, ಮೊದಲನೆಯದು. ನೀವು ಹೇಳಿದ ಊಟದಲ್ಲಿ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಾಗಾಗಿ ನಿಮ್ಮ ಮನೆಯವರ ಚಿಂತೆ ಹಾಲಿನ ಅಳತೆಯದು, ನನ್ನ ಚಿಂತೆ ಹಾಲಿನೊಳಗಿನ ಬಿ1ದು. ಎರಡನ್ನೂ ಬೇರೆ ಬೇರೆಯಾಗಿಯೇ ನೋಡೋಣ.

ಮೊದಲು ಅಳತೆ. ಎದೆ ಮೆತ್ತಗಿದೆ, ಹಿಂಡಿದರೆ ಸ್ವಲ್ಪವೇ ಬರುತ್ತದೆ, ಮಗು ಗಂಟೆಗೊಮ್ಮೆ ಏಳುತ್ತದೆ, ಸಂಜೆ ಅಳುತ್ತದೆ: ಈ ನಾಲ್ಕರಿಂದಲೂ ಹಾಲು ಸಾಲದು ಎಂದು ತೀರ್ಮಾನಿಸಲು ಆಗುವುದಿಲ್ಲ. ಮೊದಲ ವಾರ ಕಲ್ಲಿನಂತಿದ್ದ ಎದೆ ಎರಡನೇ ವಾರಕ್ಕೆ ಮೆತ್ತಗಾಗುವುದು ಸಹಜ. ಸಂಜೆ ಹೊತ್ತು ಮಗು ಬಿಟ್ಟೂಬಿಡದೆ ಎದೆ ಕೇಳುವುದೂ ಈ ವಯಸ್ಸಿನ ಸಹಜ ನಡವಳಿಕೆ. ನೋಡಬೇಕಾದದ್ದು ಒದ್ದೆಬಟ್ಟೆ ಮತ್ತು ತೂಕ. 12 ದಿನದ ಮಗು 24 ಗಂಟೆಯಲ್ಲಿ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ಯಬೇಕು, ಉಚ್ಚೆ ನೀರಿನ ಬಣ್ಣದಲ್ಲಿರಬೇಕು. ಮೂರು ನಾಲ್ಕು ಸಲ ತೆಳು ಹಳದಿ ಕಕ್ಕ ಆಗಬೇಕು. ಹುಟ್ಟಿದ ಎರಡು ಮೂರು ದಿನ ಲಂಗೋಟಿಯಲ್ಲಿ ಇಟ್ಟಿಗೆ ಬಣ್ಣದ ಕಲೆ ಕಾಣಿಸಿದ್ದರೆ ಹೆದರಬೇಕಿಲ್ಲ. ಈಗಲೂ ಕಾಣಿಸುತ್ತಿದ್ದರೆ ಮಗುವಿಗೆ ಹಾಲು ಸಿಗುತ್ತಿಲ್ಲ ಎಂದೇ ಅರ್ಥ. ಡೈಪರ್ ಹಾಕುತ್ತಿದ್ದರೆ ಲೆಕ್ಕ ತಪ್ಪುತ್ತದೆ. ಎರಡು ದಿನ ಹಳೆಯ ಪಂಚೆ ಬಟ್ಟೆಯ ಲಂಗೋಟಿ ಕಟ್ಟಿ ಎಣಿಸಿ. ಅದು ಆಗದಿದ್ದರೆ ಒಣ ಡೈಪರ್‌ಗೆ ಮೂರು ದೊಡ್ಡ ಚಮಚ ನೀರು ಸುರಿದು ಕೈಯಲ್ಲಿ ಹಿಡಿದು ನೋಡಿ. ಚೆನ್ನಾಗಿ ಒದ್ದೆಯಾದ ಡೈಪರ್ ಅಷ್ಟು ತೂಗುತ್ತದೆ.

ತೂಕದ ವಿಚಾರ. ಮೊದಲ ಕೆಲವು ದಿನ ಮಕ್ಕಳು ಹುಟ್ಟಿದ ತೂಕದಲ್ಲಿ ನೂರಕ್ಕೆ 7ರವರೆಗೆ ಕಳೆದುಕೊಳ್ಳುವುದು ಸಾಮಾನ್ಯ. ನಿಮ್ಮ ಮಗುವಿಗೆ ಅದು ಸುಮಾರು 200 ಗ್ರಾಂ. ನೂರಕ್ಕೆ 10 ದಾಟಿದರೆ, ಅಂದರೆ 2.6 ಕೆ.ಜಿ.ಗೆ ಇಳಿದರೆ, ವೈದ್ಯರು ನೋಡಬೇಕು. 10ರಿಂದ 14 ದಿನದೊಳಗೆ ಮತ್ತೆ 2.9 ಮುಟ್ಟಬೇಕು, ಅಲ್ಲಿಂದ ಮುಂದೆ ದಿನಕ್ಕೆ 25ರಿಂದ 30 ಗ್ರಾಂ ಏರಬೇಕು. ಬಟ್ಟೆ ಬಿಚ್ಚಿ, ಪ್ರತಿ ಸಲ ಒಂದೇ ತಕ್ಕಡಿಯಲ್ಲಿ ತೂಗಿಸಿ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ತವರಿಗೆ ಬಂದಿರುವುದರಿಂದ ಇಲ್ಲಿನ ಆಶಾಗೆ ನಿಮ್ಮ ಸುದ್ದಿಯೇ ತಿಳಿದಿಲ್ಲದಿರಬಹುದು. ತಾಯಿ ಕಾರ್ಡ್ ಕೊಟ್ಟು ಅಂಗನವಾಡಿಗೆ ಹೇಳಿಕಳಿಸಿ. 14ನೇ ದಿನದ ತೂಕ ನಿಮಗೆ ಬೇಕೇ ಬೇಕು.

ಒದ್ದೆಬಟ್ಟೆ, ತೂಕ ಸರಿಯಿದ್ದರೆ ಡಬ್ಬಿ ಹಾಲಿನ ಮಾತು ಅಲ್ಲಿಗೆ ಮುಗಿಯಿತು. ಸುಮ್ಮನೆ ಹಾಕಿದ ಪ್ರತಿ ಬಾಟಲಿಯಿಂದ ಒಂದು ಸಲದ ಎದೆಹಾಲು ಒಳಗೇ ಉಳಿಯುತ್ತದೆ, ಮರುದಿನ ಅಷ್ಟು ಕಡಿಮೆ ತಯಾರಾಗುತ್ತದೆ. ಹಾಲು ಕಡಿಮೆಯಾಯಿತು ಎಂಬ ಮಾತು ಹೀಗೆ ತಾನೇ ನಿಜವಾಗುತ್ತದೆ.

ತೂಕ ಸರಿಯಿಲ್ಲದಿದ್ದರೆ ಮೊದಲು ಬಾಯಿ ಹಿಡಿದಿರುವ ರೀತಿ ನೋಡಿ. ಬರೀ ತೊಟ್ಟು ಚೀಪಿದರೆ ಹಾಲು ಬರುವುದಿಲ್ಲ, ತೊಟ್ಟು ಒಡೆಯುತ್ತದೆ, ಅಷ್ಟೇ. ಮಗುವಿನ ಕಿವಿ, ಭುಜ, ಸೊಂಟ ಒಂದೇ ಸಾಲಿನಲ್ಲಿರಲಿ, ಹೊಟ್ಟೆ ನಿಮ್ಮ ಮೈಗೆ ಅಂಟಿರಲಿ. ತೊಟ್ಟನ್ನು ಮಗುವಿನ ಮೂಗಿನ ನೇರಕ್ಕೆ ತಂದು ಮೇಲ್ತುಟಿಗೆ ಸವರಿ, ಬಾಯಿ ಅಗಲವಾಗಿ ತೆರೆಯುವವರೆಗೆ ಕಾಯಿರಿ. ತೆರೆದ ಕೂಡಲೇ ಮಗುವನ್ನು ಎದೆಗೆ ತನ್ನಿ. ಎದೆಯನ್ನು ಮಗುವಿನ ಕಡೆ ಬಗ್ಗಿಸಬೇಡಿ, ನಿಮ್ಮ ಬೆನ್ನೂ ಹೋಗುತ್ತದೆ. ಸರಿಯಾಗಿ ಹಿಡಿದಾಗ ಗಲ್ಲ ಎದೆಗೆ ಒತ್ತಿರುತ್ತದೆ, ಕೆಳತುಟಿ ಹೊರಕ್ಕೆ ಮಡಚಿರುತ್ತದೆ, ತೊಟ್ಟಿನ ಸುತ್ತಲ ಕಪ್ಪು ಭಾಗ ಕೆಳಗಿಗಿಂತ ಮೇಲೆ ಹೆಚ್ಚು ಕಾಣುತ್ತದೆ. ಮೊದಲ ಅರ್ಧ ನಿಮಿಷ ಎಳೆದಂತೆ ನೋಯಬಹುದು. ಆಮೇಲೂ ನೋಯುತ್ತಿದ್ದರೆ, ಅಥವಾ ಬಿಟ್ಟಾಗ ತೊಟ್ಟು ಒಂದು ಕಡೆ ಚಪ್ಪಟೆಯಾಗಿ ಹೊರಬಂದರೆ, ಕಿರುಬೆರಳನ್ನು ಬಾಯಿಯ ಮೂಲೆಯಿಂದ ತೂರಿಸಿ ಬಿಡಿಸಿ ಮತ್ತೆ ಹಿಡಿಸಿ. ಹೊಲಿಗೆಯ ಮೇಲೆ ಭಾರ ಬೀಳದಂತೆ ಕಂಕುಳಡಿ ಹಿಡಿದು ಕುಡಿಸಬಹುದು: ಮಗುವಿನ ಕಾಲು ನಿಮ್ಮ ಬೆನ್ನಿನ ಕಡೆ, ತಲೆ ನಿಮ್ಮ ಅಂಗೈಯಲ್ಲಿ, ಕೆಳಗೆ ಎರಡು ದಿಂಬು. ರಾತ್ರಿ ಮಗ್ಗುಲಾಗಿ ಮಲಗಿ ಕುಡಿಸಿ, ಕುಡಿಸಿದ ಮೇಲೆ ಮಗುವನ್ನು ಅದರ ಹಾಸಿಗೆಯಲ್ಲಿ ಅಂಗಾತ ಮಲಗಿಸಿ.

ದಿನಕ್ಕೆ 8ರಿಂದ 12 ಸಲ ಕುಡಿಸಿ. ಹುಟ್ಟಿದ ತೂಕ ಮುಟ್ಟುವವರೆಗೆ ಮೂರು ಗಂಟೆ ದಾಟಿದರೆ ಎಬ್ಬಿಸಿಯಾದರೂ ಕುಡಿಸಿ. ರಾತ್ರಿಯದನ್ನು ಬಿಡಲೇಬೇಡಿ. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿ ಹೆಚ್ಚಿರುತ್ತದೆ. ಬಾಣಂತಿ ನಿದ್ದೆ ಮಾಡಲಿ ಎಂದು ಪ್ರೀತಿಯಿಂದ ರಾತ್ರಿಯ ಹಾಲನ್ನು ಬಾಟಲಿಗೆ ಬಿಡುವ ಮನೆಗಳಲ್ಲೇ ಹಾಲು ಬೇಗ ಇಳಿಯುವುದು. ನಿಮ್ಮನ್ನು ಹಗಲು ಮಲಗಲು ಬಿಡಲಿ, ಅದೇ ನಿಜವಾದ ಉಪಕಾರ. ಮಗು ಎದೆಯಲ್ಲೇ ತೂಕಡಿಸಿದರೆ ಎದೆಯನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ಒತ್ತಿ, ಹಾಲು ಬಾಯಿಗೆ ಬಿದ್ದು ಮತ್ತೆ ನುಂಗತೊಡಗುತ್ತದೆ. ಗುಟುಕಿನ ಸದ್ದು ಕೇಳಿ. ಸದ್ದು ನಿಂತ ಮೇಲೆ ಇನ್ನೊಂದು ಎದೆ ಕೊಡಿ.

ಇಷ್ಟಾದ ಮೇಲೂ ಹಾಲು ಉಳಿದಿದೆ ಅನಿಸಿದರೆ ಕೈಯಿಂದ ಹಿಂಡಿ ತೆಗೆಯಿರಿ. ತೊಟ್ಟಿನಿಂದ ಸುಮಾರು ಒಂದು ಅಂಗುಲ ಹಿಂದೆ ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ ಇಟ್ಟು, ಮೊದಲು ಪಕ್ಕೆಲುಬಿನ ಕಡೆಗೆ ಒತ್ತಿ, ಆಮೇಲೆ ಎರಡೂ ಬೆರಳು ಕೂಡಿಸಿ, ಬಿಡಿ. ಚರ್ಮದ ಮೇಲೆ ಬೆರಳು ಜಾರಿಸಬೇಡಿ. ಆ ಹಾಲನ್ನು ಒಳಲೆಯಲ್ಲಿ ಕುಡಿಸಿ. ಬಾಟಲಿಗಿಂತ ಒಳಲೆ ಎಷ್ಟೋ ಮೇಲು, ಕುದಿಸಿ ತೊಳೆಯಲು ಸಲೀಸು. ಆದರೆ ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು ಸುರಿಯುವ ಹಳೆಯ ರೀತಿ ಬೇಡ. ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಎಚ್ಚರವಿರುವ ಮಗುವನ್ನು ಅರ್ಧ ಕೂರಿಸಿ, ಒಳಲೆಯ ಮೂತಿಯನ್ನು ಬಾಯಿಯ ಮೂಲೆಗಿಟ್ಟು, ಸ್ವಲ್ಪ ಹನಿಸಿ, ನುಂಗಿದ ಮೇಲೆ ಮತ್ತೆ ಹನಿಸಿ. ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ ಇರುತ್ತದೆ, ಬೇಸಿಗೆಯ ಸೆಕೆಯಲ್ಲಿ ಅಷ್ಟು ಹೊತ್ತು ಇಡಬೇಡಿ.

ತೂಕ ನಿಜವಾಗಿಯೂ ಕುಸಿದು ವೈದ್ಯರು ಡಬ್ಬಿ ಹಾಲು ಬರೆದುಕೊಟ್ಟರೆ ಅದನ್ನು ಸೋಲೆಂದು ಎಣಿಸಬೇಡಿ, ಕೊಡಿ. ಮೊದಲು ಎದೆ, ಆಮೇಲೆ ಹಿಂಡಿದ ಹಾಲು, ಕೊನೆಗೆ ಡಬ್ಬಿಯದು. ಡಬ್ಬಿಯ ಮೇಲಿನ ಅಳತೆಗಿಂತ ಒಂದು ಹನಿ ನೀರೂ ಹೆಚ್ಚು ಬೆರೆಸಬಾರದು. ಹಸುವಿನ ಹಾಲು, ಸಕ್ಕರೆ ನೀರು, ಗ್ರೈಪ್ ವಾಟರ್ ಬೇಡ. ಬಜೆ ತೇದು ಜೇನಿನಲ್ಲಿ ನೆಕ್ಕಿಸುವುದೂ ಬೇಡ, ವರ್ಷ ತುಂಬುವ ಮೊದಲು ಜೇನು ಕೊಟ್ಟರೆ ಬಾಟುಲಿಸಂ ಎಂಬ ವಿಷಬಾಧೆಯ ಅಪಾಯವಿದೆ.

ಇನ್ನು ಪಥ್ಯ. ನನ್ನ ಒತ್ತಾಯವೆಲ್ಲ ಇಲ್ಲಿದೆ.

ಪಾಲಿಶ್ ಮಾಡಿದ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಬಿ1 ಇರುವುದು ಸುಮಾರು 0.05 ಮಿ.ಗ್ರಾಂ. ಹಾಲೂಡಿಸುವ ತಾಯಿಗೆ ದಿನಕ್ಕೆ ಬೇಕಾಗುವುದು ಸುಮಾರು 2 ಮಿ.ಗ್ರಾಂ. ಮೂರು ಹೊತ್ತು ಸೇರಿ 400 ಗ್ರಾಂ ಅಕ್ಕಿಯ ಅನ್ನ ಉಂಡರೂ ಹತ್ತರಲ್ಲಿ ಒಂದು ಪಾಲು ಮಾತ್ರ ಸಿಕ್ಕಿತು. ಅದರಲ್ಲೂ ಅಕ್ಕಿ ಮೂರು ನಾಲ್ಕು ಸಲ ತೊಳೆದಾಗ, ಗಂಜಿ ಬಸಿದಾಗ ನೀರಿನೊಂದಿಗೆ ಹೋಗುವ ಪಾಲು ಬೇರೆ. ಊಟದ ಮೇಲೆ ಎಲೆಯಡಿಕೆ, ಕಾಫಿ, ಚಹಾ ಸೇರಿದರೆ ಅವುಗಳ ಒಗರು ಅಂಶ ಉಳಿದ ಬಿ1ನ್ನೂ ಕೆಡಿಸುತ್ತದೆ. ದೇಹದಲ್ಲಿ ಬಿ1ರ ದಾಸ್ತಾನು ಕೆಲವೇ ವಾರಗಳದು. ತಾಯಿಯಲ್ಲಿ ಮುಗಿದಾಗ ಹಾಲಿನಲ್ಲೂ ಮುಗಿಯುತ್ತದೆ. ಚೆನ್ನಾಗಿ ಹಾಲು ಕುಡಿದು ತೂಕ ಏರುತ್ತಿದ್ದ ಮಗು ಎರಡು ಮೂರು ತಿಂಗಳಿಗೆ ಇದ್ದಕ್ಕಿದ್ದಂತೆ ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ನರಳುತ್ತದೆ, ಅಳುವ ದನಿ ಗೊಗ್ಗರಾಗುತ್ತದೆ, ಏದುಸಿರು ಬಿಡುತ್ತದೆ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳಗಳಲ್ಲಿ ಒತ್ತಡ ವಿಪರೀತ ಏರಿರುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮಕ್ಕಳ ಹೃದಯ ವೈದ್ಯರು ಇಂಥ ಮಕ್ಕಳನ್ನು ಅಧ್ಯಯನ ಮಾಡಿ ದಾಖಲಿಸಿದ್ದಾರೆ. ಬರೀ ಎದೆಹಾಲು ಕುಡಿಯುವ ಮಕ್ಕಳು, ತಾಯಂದಿರದು ಪಾಲಿಶ್ ಅಕ್ಕಿಯ ಕಟ್ಟುನಿಟ್ಟಿನ ಪಥ್ಯ. ಥಯಮಿನ್ ಕೊಟ್ಟರೆ ಹೆಚ್ಚಿನವು ಒಂದೆರಡು ದಿನದಲ್ಲೇ ಚೇತರಿಸಿಕೊಳ್ಳುತ್ತವೆ, ಕೊಡದಿದ್ದರೆ ಜೀವ ಹೋಗಬಹುದು. ತಪ್ಪು ಎದೆಹಾಲಿನದಲ್ಲ, ಆದ್ದರಿಂದ ಹಾಲು ನಿಲ್ಲಿಸಬಾರದು. ತಾಯಿಯ ತಟ್ಟೆ ಸರಿಯಾಗಬೇಕು.

ಏನು ತಿನ್ನಬೇಕು? ಅಮ್ಮನ ಅಡುಗೆಮನೆಯಲ್ಲೇ ಎಲ್ಲವೂ ಇದೆ. ದಿನಕ್ಕೆ ಒಂದು ದೊಡ್ಡ ರಾಗಿ ಮುದ್ದೆ ಅಥವಾ ಎರಡು ರಾಗಿ ರೊಟ್ಟಿ, ಇಲ್ಲವೇ ಜೋಳದ ರೊಟ್ಟಿ, ಗೋಧಿ ಚಪಾತಿ. ಎರಡು ಹೊತ್ತು ಸೇರಿ 75 ಗ್ರಾಂನಷ್ಟು ತೊಗರಿಬೇಳೆ ಅಥವಾ ಹೆಸರುಕಾಳು. ಮೆಣಸಿನ ಸಾರನ್ನೇ ಬೇಳೆಕಟ್ಟಿನಲ್ಲಿ ಮಾಡಿದರೆ ಅಮ್ಮನಿಗೂ ಸಮಾಧಾನ. ಒಂದು ಹಿಡಿ ಹುರಿದ ಕಡಲೆಕಾಯಿ, ಒಂದು ಎಳ್ಳುಂಡೆ. ಸಬ್ಬಸಿಗೆ, ಮೆಂತ್ಯ, ನುಗ್ಗೆ ಸೊಪ್ಪು. ಅನ್ನ ಬೇಕೆನಿಸಿದರೆ ಕುಚ್ಚಲಕ್ಕಿಯದು. ಬತ್ತವನ್ನು ಕುಚ್ಚುವಾಗ ತೌಡಿನ ಬಿ1 ಕಾಳಿನೊಳಗೆ ಇಳಿದಿರುತ್ತದೆ. ಗಂಜಿ ತಿಳಿಯನ್ನು ಚೆಲ್ಲದೆ ಕುಡಿಯಿರಿ. ತಿನ್ನುವವರಾದರೆ ಮೊಟ್ಟೆ, ಮೀನು. ಶಾಕಾಹಾರಿಗಳಿಗೆ ಹಾಲು, ಮೊಸರು ತಪ್ಪಲೇಬಾರದು, ಬಿ12 ಬರುವುದು ಅಲ್ಲಿಂದ. ಅಂಟಿನುಂಡೆ, ಕೊಬ್ಬರಿ ಬೆಲ್ಲ, ಬೆಳ್ಳುಳ್ಳಿ, ಮೆಣಸು ಇರಲಿ, ಅವುಗಳಿಂದ ಕೇಡಿಲ್ಲ. ಒಲೆಯ ಮುಂದೆ ಹೋಗದಂತೆ ನಿಮ್ಮನ್ನು ಕೂರಿಸಿ ಬಿಸಿಬಿಸಿ ಬಡಿಸುವ ಬಾಣಂತನ ದೊಡ್ಡ ಭಾಗ್ಯ. ಬಿಡಬೇಕಾದದ್ದು ಅದರ ನಿಷೇಧಗಳನ್ನು ಮಾತ್ರ.

ನೀವು ಬಾಳೆಹಣ್ಣು ತಿಂದರೆ ಮಗುವಿಗೆ ಶೀತವಾಗುವುದಿಲ್ಲ, ಬೇಳೆ ತಿಂದರೆ ವಾಯು ಹಾಲಿಗಿಳಿಯುವುದಿಲ್ಲ. ವಾಯು ಹುಟ್ಟುವುದು ನಿಮ್ಮ ಕರುಳಿನಲ್ಲಿ, ಅದು ರಕ್ತಕ್ಕೆ ಸೇರಿ ಹಾಲಾಗುವ ವಸ್ತುವಲ್ಲ. ಮಗುವಿನ ಕಕ್ಕದಲ್ಲಿ ರಕ್ತ ಕಂಡರೆ ಮಾತ್ರ ಯಾವುದೋ ಆಹಾರ ಒಗ್ಗದಿರಬಹುದು, ಆಗ ವೈದ್ಯರನ್ನು ಕೇಳಿ. ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂಬುದೂ ಸರಿಯಲ್ಲ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಆರು ವಾರ ಬೇಕು, ಹೊಟ್ಟೆ ಕಾಣುವುದು ಅದಕ್ಕೇ. ಬಾಯಾರಿದಷ್ಟೂ ಕುಡಿಯಿರಿ, ಪ್ರತಿ ಸಲ ಹಾಲೂಡಿಸಲು ಕೂರುವಾಗ ಪಕ್ಕದಲ್ಲಿ ಒಂದು ಲೋಟವಿರಲಿ. ಸಿಸೇರಿಯನ್ ಆದವರು ನೀರು ಕಡಿಮೆ ಮಾಡಿದರೆ ಮಲಬದ್ಧತೆಯಾಗಿ ಮುಕ್ಕರಿಯುವಾಗ ಹೊಲಿಗೆ ನೋಯುತ್ತದೆ, ಉರಿಮೂತ್ರ ಬರುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚು.

ಮಾತ್ರೆಗಳು: ಹೆರಿಗೆಯ ನಂತರ 180 ದಿನ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ದಿನಕ್ಕೊಂದು, ಕ್ಯಾಲ್ಸಿಯಂ 500 ಮಿ.ಗ್ರಾಂ ದಿನಕ್ಕೆರಡು. ಎರಡನ್ನೂ ಒಟ್ಟಿಗೆ ನುಂಗಬೇಡಿ, ನಡುವೆ ಎರಡು ಗಂಟೆ ಇರಲಿ. ಈ ಎರಡರಲ್ಲೂ ಬಿ1 ಇಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಮೇಲೆ ಹೇಳಿದ ಊಟವನ್ನು ಪೂರ್ತಿ ಉಂಡರೂ ಬೇಯಿಸುವಾಗ ಒಂದಿಷ್ಟು ಹೋಗುವುದರಿಂದ, ನಾಳೆಯೇ ವೈದ್ಯರಿಗೆ ಪಥ್ಯದ ವಿಷಯ ಬಾಯಿಬಿಟ್ಟು ಹೇಳಿ ಥಯಮಿನ್ ಇರುವ ಬಿ ಕಾಂಪ್ಲೆಕ್ಸ್ ಬರೆಸಿಕೊಳ್ಳಿ. ಅವರಾಗಿ ಕೇಳದಿರಬಹುದು. ಮಗುವಿಗೆ ವಿಟಮಿನ್ ಡಿ ಹನಿ ದಿನಕ್ಕೆ 400 ಯೂನಿಟ್, ಅದನ್ನೂ ಆಗಲೇ ಕೇಳಿ. ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಿಂದ ಬಾಣಂತಿಯರಿಗೆ ಬೇಳೆ, ತರಕಾರಿ, ಮೊಟ್ಟೆ, ಹಾಲಿನ ಊಟ ಸಿಗುತ್ತದೆ. ಹೊಸಿಲು ದಾಟಬಾರದೆಂಬ ಕಟ್ಟಳೆಯಿದ್ದರೆ ಮನೆಗೆ ತರಿಸಿಕೊಳ್ಳಲಾಗುವುದೇ ಎಂದು ಕಾರ್ಯಕರ್ತೆಯನ್ನು ವಿಚಾರಿಸಿ.

ಮಗುವನ್ನು ತಡಮಾಡದೆ ಕರೆದೊಯ್ಯಬೇಕಾದ ಸಂದರ್ಭಗಳು: ಎರಡು ಹೊತ್ತು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಮೈ 99.5 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅಥವಾ ತಣ್ಣಗಾದರೆ, ಅಂಗೈ ಅಂಗಾಲು ಹಳದಿಯಾದರೆ, ಎಂಟು ಗಂಟೆ ಉಚ್ಚೆ ಹೊಯ್ಯದಿದ್ದರೆ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ 60, ಆಮೇಲೆ 50 ಮುಟ್ಟಿದರೆ, ಪಕ್ಕೆ ಒಳಕ್ಕೆ ಸೆಳೆದರೆ 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ನೀವು ಏನು ಉಣ್ಣುತ್ತಿದ್ದಿರಿ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ, ಥಯಮಿನ್ ಕೊಡಬೇಕೇ ಎಂದು ಕೇಳಿ.