ಓದುಗರ ಪ್ರಶ್ನೆ: ಚಿಕ್ಕ ಟೀಮಿಗೆ ವಿಷುಯಲ್ ಸ್ಟುಡಿಯೋದ ಯಾವ ಎಡಿಷನ್ ಸಾಕು?

ಪ್ರಶ್ನೆ: ನಮ್ದು ಚಿಕ್ಕ ಕಂಪನಿ ಸರ್, ಐದು ಜನ ಡೆವಲಪರ್ಸ್, ಒಬ್ರು ಟೆಸ್ಟರ್, ಮುಂದಿನ ತಿಂಗಳು ಇನ್ನೊಬ್ರು ಡೆವಲಪರ್ ಸೇರ್ತಾರೆ. ಕೆಲಸ ಎಲ್ಲ ಸಿ ಶಾರ್ಪ್‌ನಲ್ಲಿ, ಇಲ್ಲೀವರೆಗೂ ಎಲ್ರೂ ಕೋಡ್ ಬರೆಯೋಕೆ ಮೈಕ್ರೋಸಾಫ್ಟ್‌ನ ವಿಷುಯಲ್ ಸ್ಟುಡಿಯೋ, ಅದ್ರ ಫ್ರೀ ಎಡಿಷನ್ ಕಮ್ಯುನಿಟಿನೇ ಬಳಸ್ತಾ ಇದೀವಿ. ಈಗ ಒಂದು ದೊಡ್ಡ ಕಂಪನಿಯ ಪ್ರಾಜೆಕ್ಟ್ ಸಿಕ್ಕಿದೆ, ನಮ್ಮಲ್ಲಿ ಇಬ್ರು ಪೂರ್ತಿ ಅದ್ರ ಮೇಲೇ ಕೂತಿದಾರೆ. ಮ್ಯಾನೇಜರ್ 'ಎಲ್ರಿಗೂ ಎಲ್ಲಕ್ಕಿಂತ ಮೇಲಿನ ಎಂಟರ್‌ಪ್ರೈಸ್ ಎಡಿಷನ್ ತಗೊಂಡ್ಬಿಡೋಣ, ತಲೆನೋವೇ ಬೇಡ' ಅಂತಾರೆ. ಹಿರಿಯ ಡೆವಲಪರ್ 'ಕಮ್ಯುನಿಟಿಲಿ ಏನ್ ಕಮ್ಮಿ ಆಗಿದೆ' ಅಂತ ಕೇಳ್ತಾರೆ. ಯಾರ ಮಾತು ಕೇಳೋದು?

ಉತ್ತರ: ಇಬ್ರ ಮಾತೂ ಪೂರ್ತಿ ಸರಿ ಇಲ್ಲ, ಯಾಕಂದ್ರೆ ಇಬ್ರೂ ಫೀಚರ್ ಬಗ್ಗೆ ಮಾತಾಡ್ತಾ ಇದಾರೆ, ನಿಮ್ಮ ಪತ್ರದಲ್ಲಿರೋ ನಿಜವಾದ ವಿಷಯ ಬೇರೆ ಇದೆ. 'ದೊಡ್ಡ ಕಂಪನಿಯ ಪ್ರಾಜೆಕ್ಟ್ ಸಿಕ್ಕಿದೆ' ಅಂತ ಬರೆದ್ರಲ್ಲ, ನಾನು ಅಲ್ಲೇ ನಿಂತೆ. ಯಾವ ಎಡಿಷನ್ ಬೇಕು ಅನ್ನೋದಕ್ಕಿಂತ ಮೊದ್ಲು ಯಾವ ಎಡಿಷನ್ ಬಳಸೋಕೆ ನಿಮಗೆ ಹಕ್ಕಿದೆ ಅಂತ ನೋಡ್ಬೇಕು, ಆ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದ್ರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ಕಮ್ಯುನಿಟಿ ಎಡಿಷನ್ ಬಂದಿದ್ದು 2014ರ ನವೆಂಬರ್‌ನಲ್ಲಿ. ಅದಕ್ಕಿಂತ ಮೊದ್ಲು ಫ್ರೀ ಅಂತ ಇದ್ದಿದ್ದು ಎಕ್ಸ್‌ಪ್ರೆಸ್ ಎಡಿಷನ್‌ಗಳು, ವೆಬ್‌ಗೆ ಒಂದು, ಡೆಸ್ಕ್‌ಟಾಪ್‌ಗೆ ಒಂದು ಅಂತ ಬೇರೆ ಬೇರೆ, ಅದ್ರಲ್ಲಿ ಎಕ್ಸ್‌ಟೆನ್ಶನ್ (ಹೊರಗಿಂದ ಸೇರಿಸೋ ಟೂಲ್) ಹಾಕೋಕೂ ಆಗ್ತಿರಲಿಲ್ಲ. ಕಮ್ಯುನಿಟಿ ಬಂದ್ಮೇಲೆ ದುಡ್ಡು ಕೊಟ್ಟು ಕೊಳ್ಳೋ ಪ್ರೊಫೆಷನಲ್ ಎಡಿಷನ್‌ನಲ್ಲಿರೋ ಹೆಚ್ಚುಕಮ್ಮಿ ಎಲ್ಲಾನೂ ಫ್ರೀಯಾಗೇ ಸಿಕ್ತು. ಹಾಗಾಗಿ ನಿಮ್ಮ ಹಿರಿಯ ಡೆವಲಪರ್ ಏನೂ ಕಮ್ಮಿ ಆಗಿಲ್ಲ ಅನ್ನೋದು ಅವರ ಅನುಭವದಲ್ಲಿ ನಿಜಾನೇ. ಕಮ್ಯುನಿಟಿಗೂ ಪ್ರೊಫೆಷನಲ್‌ಗೂ ದೊಡ್ಡ ವ್ಯತ್ಯಾಸ ಇರೋದು ಲೈಸೆನ್ಸಲ್ಲಿ, ಮೆನುಗಳಲ್ಲಿ ಹುಡುಕಿದ್ರೆ ಅದು ಕಾಣಲ್ಲ.

ಆ ಲೈಸೆನ್ಸ್ ಏನ್ ಹೇಳುತ್ತೆ ಅಂದ್ರೆ, ಒಬ್ರೇ ಕೂತು ಮಾಡೋ ಡೆವಲಪರ್ ಆದ್ರೆ ಏನ್ ಬೇಕಾದ್ರೂ ಮಾಡ್ಬಹುದು, ಮಾರಿ ದುಡ್ಡೂ ಮಾಡ್ಬಹುದು. ಸಂಸ್ಥೆ ಆದ್ರೆ ಒಂದು ಸಲಕ್ಕೆ 5 ಜನ ಮಾತ್ರ ಬಳಸ್ಬಹುದು, ಅದೂ ಆ ಸಂಸ್ಥೆ 'ಎಂಟರ್‌ಪ್ರೈಸ್' (ಇಲ್ಲಿ ಎಡಿಷನ್ ಹೆಸರಲ್ಲ, ದೊಡ್ಡ ಸಂಸ್ಥೆ ಅಂತ) ಅನ್ನೋ ಲೆಕ್ಕಕ್ಕೆ ಬರಬಾರದು. 250ಕ್ಕಿಂತ ಹೆಚ್ಚು ಪಿಸಿ ಅಥವಾ ಬಳಕೆದಾರರು ಇದ್ರೆ, ಇಲ್ಲಾ ವರ್ಷದ ಆದಾಯ 10 ಲಕ್ಷ ಅಮೆರಿಕನ್ ಡಾಲರ್ ದಾಟಿದ್ರೆ, ಎರಡ್ರಲ್ಲಿ ಒಂದಾದ್ರೂ ಸಾಕು, ಅದು ಎಂಟರ್‌ಪ್ರೈಸ್. ನಿಮ್ಮ ಕಂಪನಿಯ ಹೆಚ್ಚಿನ ಪಾಲು ಬೇರೆ ಕಂಪನಿ ಕೈಲಿದ್ರೆ ಇಬ್ರನ್ನೂ ಸೇರಿಸಿ ಲೆಕ್ಕ ಹಾಕ್ತಾರೆ, ಇದನ್ನ ತುಂಬಾ ಜನ ಮರೀತಾರೆ. ಕ್ಲಾಸ್‌ರೂಮ್, ಅಕಾಡೆಮಿಕ್ ರಿಸರ್ಚ್, ಓಪನ್ ಸೋರ್ಸ್ ಕೆಲಸ, ಇವಕ್ಕೆ ಈ 5ರ ಮಿತಿ ಇಲ್ಲ.

ಇನ್ನೂ ಒಂದು ಸಾಲಿದೆ, ನಿಮಗೆ ಬೇಕಿರೋದು ಅದೇ. ಎಂಟರ್‌ಪ್ರೈಸ್ ಆಗಿರೋ ಸಂಸ್ಥೆಯ ನೌಕರರು ಮಾತ್ರ ಅಲ್ಲ, ಅದರ ಕಾಂಟ್ರಾಕ್ಟರ್‌ಗಳೂ ಆ ಸಂಸ್ಥೆಯ ಅಪ್ಲಿಕೇಶನ್ ಮಾಡೋಕೆ, ಟೆಸ್ಟ್ ಮಾಡೋಕೆ ಕಮ್ಯುನಿಟಿ ಬಳಸೋ ಹಾಗಿಲ್ಲ. ನಿಮ್ಮ ಕಂಪನಿ ಎಷ್ಟೇ ಚಿಕ್ಕದಿರ್ಲಿ, ಆ ದೊಡ್ಡ ಕಂಪನಿಗೆ ಅವರದೇ ಸಾಫ್ಟ್‌ವೇರ್ ಬರೆದುಕೊಡ್ತಾ ಇರೋ ಆ ಇಬ್ರು ಈಗ ಅವರ ಕಾಂಟ್ರಾಕ್ಟರ್ಸ್. ಹಾಗಾಗಿ ಅವರಿಬ್ರಿಗೂ ಪ್ರೊಫೆಷನಲ್ ಬೇಕೇಬೇಕು, ಇದ್ರಲ್ಲಿ ಚರ್ಚೆಗೆ ಜಾಗ ಇಲ್ಲ, ಈ ವಾರಾನೇ ತಗೊಳ್ಳಿ. ದೊಡ್ಡ ಕಂಪನಿಗಳು ತಮಗೆ ಕೆಲಸ ಮಾಡಿಕೊಡೋರ ಹತ್ರ ಲೈಸೆನ್ಸ್ ವಿವರ ಕೇಳೋದುಂಟು, ಆಗ ಕೈ ಹಿಸುಕಿಕೊಳ್ಳೋ ಪರಿಸ್ಥಿತಿ ಬರಬಾರದು.

ಉಳಿದ ಮೂರು ಜನ ನಿಮ್ಮದೇ ಪ್ರಾಡಕ್ಟ್ ಅಥವಾ ಚಿಕ್ಕ ಗಿರಾಕಿಗಳ ಕೆಲಸ ಮಾಡ್ತಾ ಇದ್ರೆ ಕಮ್ಯುನಿಟಿಲೇ ಇರ್ಬಹುದು. ಹೊಸದಾಗಿ ಬರೋರನ್ನ ಸೇರಿಸಿದ್ರೂ ನಾಲ್ಕೇ ಆಯ್ತು, 5ರ ಒಳಗೇ ಇದೀರ. ಒಂದೇ ಆಫೀಸಲ್ಲಿ ಎರಡು ಎಡಿಷನ್ ಇದ್ರೆ ಪ್ರಾಜೆಕ್ಟ್ ತೆರೆಯಲ್ವೇನೋ ಅಂತ ಭಯ ಬೇಡ, ಪ್ರಾಜೆಕ್ಟ್‌ಗಳನ್ನ ಒಟ್ಟಿಗೆ ಇಡೋ ಸಲ್ಯೂಷನ್ ಫೈಲ್ ಎಲ್ಲಾ ಎಡಿಷನ್ನಲ್ಲೂ ಒಂದೇ. ಕಷ್ಟ ಬರೋದು ಎಡಿಷನ್ ಬೇರೆ ಆದಾಗ ಅಲ್ಲ, ವರ್ಷನ್ ಬೇರೆ ಆದಾಗ, ಒಬ್ರ ಹತ್ರ ಹಳೇದು, ಇನ್ನೊಬ್ರ ಹತ್ರ ಹೊಸದು, ಎಸ್‌ಡಿಕೆ (ಕೋಡ್ ಬಿಲ್ಡ್ ಮಾಡೋ ಟೂಲ್‌ಗಳು) ಬೇರೆ ಬೇರೆ, ಆಗ ಒಬ್ರ ಮೆಷಿನ್ನಲ್ಲಿ ಬಿಲ್ಡ್ ಆಗೋದು ಇನ್ನೊಬ್ರದ್ರಲ್ಲಿ ಆಗಲ್ಲ. ಗ್ಲೋಬಲ್ ಡಾಟ್ ಜೇಸನ್ ಫೈಲ್‌ನಲ್ಲಿ ಎಸ್‌ಡಿಕೆ ವರ್ಷನ್ ಬರೆದಿಟ್ಬಿಡಿ, ಎಲ್ರಿಗೂ ಒಂದೇ ಆಗುತ್ತೆ. ಒಂದು ಎಚ್ಚರಿಕೆ ಏನಂದ್ರೆ ಆ ಮೂವರಲ್ಲಿ ಯಾರಾದ್ರೂ 'ಸ್ವಲ್ಪ ಹೆಲ್ಪ್ ಮಾಡು' ಅಂತ ಕರೆದಾಗ ದೊಡ್ಡ ಕಂಪನಿಯ ಕೋಡ್‌ಗೆ ಕೈ ಹಾಕಿದ್ರೆ ಅವರಿಗೂ ಪ್ರೊಫೆಷನಲ್ ಬೇಕಾಗುತ್ತೆ. ಚಿಕ್ಕ ಟೀಮಲ್ಲಿ ಇದು ದಿನಾ ಆಗೋ ವಿಷಯ, ಹಾಗೆ ಆಗುತ್ತೆ ಅಂತ ಅನ್ಸಿದ್ರೆ ಮೊದ್ಲೇ ಮೂರನೇದೂ ತಗೊಂಡ್ಬಿಡಿ.

ಇನ್ನು ಮ್ಯಾನೇಜರ್ ಹೇಳೋ ಎಂಟರ್‌ಪ್ರೈಸ್. ನಾನಿದ್ದ ಒಂದು ಟೀಮಲ್ಲಿ ಹೀಗೇ ಎಲ್ರಿಗೂ ಮೇಲಿನ ಎಡಿಷನ್ ತಗೊಂಡ್ರು, ಒಂದು ವರ್ಷ ಆದ್ಮೇಲೆ ಕೂತು ನೋಡಿದ್ರೆ ಅದ್ರಲ್ಲಿ ಮಾತ್ರ ಇರೋ ಟೂಲ್ ಒಂದನ್ನೂ ಹೆಚ್ಚಿನವರು ಒಂದು ಸಲಾನೂ ತೆರೆದಿರಲಿಲ್ಲ. ಆ ದುಡ್ಡಲ್ಲಿ ಎಲ್ರ ಮೆಷಿನ್‌ಗೂ ರ್‍ಯಾಮ್ ಹೆಚ್ಚಿಸಿದ್ರೆ ಎಷ್ಟು ಜನ ಖುಷಿಯಾಗ್ತಿದ್ರು ಅಂತ ಇವತ್ತಿಗೂ ಬೇಜಾರಾಗುತ್ತೆ. ಅದಕ್ಕೇ ಹೇಳೋದು, ಎಂಟರ್‌ಪ್ರೈಸ್ ಅನ್ನೋ ಹೆಸರು ಬಿಟ್ಟು ಒಳಗಿರೋದನ್ನ ಒಂದೊಂದಾಗಿ ನೋಡಿ, ಇದು ನಮ್ಮ ಯಾವ ನೋವಿಗೆ ಮದ್ದು ಅಂತ ಕೇಳಿ.

ಲೈವ್ ಯೂನಿಟ್ ಟೆಸ್ಟಿಂಗ್ ಅಂತ ಇದೆ, ನೀವು ಟೈಪ್ ಮಾಡ್ತಾ ಇದ್ದ ಹಾಗೇ ಹಿಂದೆ ಟೆಸ್ಟ್ ಓಡಿ ಯಾವ ಸಾಲು ಪಾಸ್ ಯಾವ ಸಾಲು ಫೇಲ್ ಅಂತ ಪಕ್ಕದಲ್ಲೇ ಗುರುತು ಬರುತ್ತೆ. ಚೆನ್ನಾಗಿದೆ, ಆದ್ರೆ ಡಾಟ್‌ನೆಟ್ ವಾಚ್ ಟೆಸ್ಟ್ ಅನ್ನೋ ಕಮಾಂಡ್ ಒಂದು ಟರ್ಮಿನಲ್ ಕಿಟಕಿಯಲ್ಲಿ ಓಡಿಸಿಟ್ರೆ ಫೈಲ್ ಸೇವ್ ಮಾಡಿದಾಗೆಲ್ಲ ಟೆಸ್ಟ್ ಓಡುತ್ತೆ, ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಟೆಸ್ಟ್‌ಗಳು ಎಷ್ಟು ಕೋಡ್ ಓಡಿಸಿದ್ವು ಅಂತ ಅಳೆಯೋ ಕೋಡ್ ಕವರೇಜ್ ಒಂದಕ್ಕೋಸ್ಕರ ಅಂತೂ ತಗೊಳ್ಳಲೇಬೇಡಿ, ವಿಷುಯಲ್ ಸ್ಟುಡಿಯೋ 2026ರಿಂದ ಅದು ಕಮ್ಯುನಿಟಿಲೂ ಇದೆ, ಹಳೇ ವರ್ಷನ್ ಆದ್ರೂ ಕವರ್‌ಲೆಟ್ ಅನ್ನೋ ಓಪನ್ ಸೋರ್ಸ್ ಟೂಲ್ ಆ ಕೆಲಸ ಮಾಡುತ್ತೆ. ಇಂಟೆಲಿಟ್ರೇಸ್ ಅನ್ನೋದು ಪ್ರೋಗ್ರಾಮ್ ಓಡುವಾಗ ಏನೇನಾಯ್ತು ಅಂತ ದಾಖಲೆ ಇಟ್ಟುಕೊಂಡು ಡೀಬಗ್ ಮಾಡುವಾಗ ಹಿಂದಕ್ಕೆ ಹೋಗಿ ನೋಡೋಕೆ ಬಿಡುತ್ತೆ. ಯಾವಾಗ್ಲೋ ಒಮ್ಮೆ ಬಂದು ಮಾಯವಾಗೋ ಬಗ್ ಹಿಂದೆ ವಾರಗಟ್ಟಲೆ ಅಲೆಯೋ ಟೀಮ್‌ಗೆ ಇದು ನಿಜವಾಗ್ಲೂ ಬೆಲೆ ಬಾಳುತ್ತೆ, ಸಾದಾ ವೆಬ್ ಅಪ್ಲಿಕೇಶನ್ ಮಾಡೋರಿಗೆ ಒಳ್ಳೇ ಲಾಗ್ ಬರೆದ್ರೆ ಬಹಳಷ್ಟು ಸಿಕ್ಕಿಬಿಡುತ್ತೆ.

ನನ್ನ ಲೆಕ್ಕದಲ್ಲಿ ಎಂಟರ್‌ಪ್ರೈಸ್‌ಗೆ ಗಟ್ಟಿ ಕಾರಣ ಅಂದ್ರೆ ಫೇಕ್ಸ್, ಟೆಸ್ಟ್ ಮಾಡುವಾಗ ನಿಜವಾದ ಕೋಡ್ ಬದ್ಲು ನಕಲಿ ಇಡೋ ಟೂಲ್. ಹತ್ತು ಹದಿನೈದು ವರ್ಷದ ಹಳೇ ಕೋಡ್, ಟೆಸ್ಟೇ ಇಲ್ಲ, ಎಲ್ಲಿ ನೋಡಿದ್ರೂ ಈಗಿನ ಸಮಯ ಕೇಳೋ ಡೇಟ್‌ಟೈಮ್ ಡಾಟ್ ನೌ ಅಂತ ನೇರವಾಗಿ ಕರೆದಿದಾರೆ, ತಿಂಗಳ ಕೊನೇ ದಿನ ಮಾತ್ರ ಬರೋ ಬಗ್ ಟೆಸ್ಟ್ ಮಾಡ್ಬೇಕು ಅಂದ್ರೆ ಗಡಿಯಾರಾನೇ ಬದಲಾಯಿಸ್ಬೇಕು. ಫೇಕ್ಸ್‌ನಲ್ಲಿರೋ ಶಿಮ್ ಬಳಸಿದ್ರೆ ಮೂಲ ಕೋಡ್ ಮುಟ್ಟದೇನೇ ಆ ಕರೆಯನ್ನ ಮಧ್ಯದಲ್ಲೇ ಹಿಡಿದು ನಮಗೆ ಬೇಕಾದ ದಿನಾಂಕ ಕೊಡ್ಬಹುದು. ಸ್ಟ್ಯಾಟಿಕ್ ಮೆಥಡ್‌ಗಳನ್ನ ಹೀಗೆ ಹಿಡಿಯೋದು ಮಾಕ್, ಎನ್‌ಸಬ್‌ಸ್ಟಿಟ್ಯೂಟ್ ತರದ ಫ್ರೀ ಲೈಬ್ರರಿಗಳ ಕೈಲಿ ಆಗಲ್ಲ, ಅವಕ್ಕೆ ಇಂಟರ್‌ಫೇಸೋ ವರ್ಚುಯಲ್ ಮೆಥಡ್ಡೋ ಬೇಕು. ಆ ದೊಡ್ಡ ಕಂಪನಿ ನಿಮ್ಮ ಕೈಗೆ ಇಂಥ ಹಳೇ ಕೋಡ್ ಕೊಟ್ಟಿದ್ರೆ ಅದನ್ನ ನೋಡ್ಕೊಳ್ಳೋ ಒಬ್ರಿಗೆ ಎಂಟರ್‌ಪ್ರೈಸ್ ತಗೊಳ್ಳಿ, ಒಬ್ರಿಗೆ ಸಾಕು ಅಂದ್ಕೋಬೇಡಿ ಮಾತ್ರ, ಆ ಟೆಸ್ಟ್ ಓಡಿಸ್ಬೇಕು ಅಂದ್ರೂ ಎಂಟರ್‌ಪ್ರೈಸೇ ಬೇಕು, ಯಾರ್ಯಾರು ಓಡಿಸ್ತಾರೆ ಅಂತ ಮೊದ್ಲೇ ನಿರ್ಧಾರ ಮಾಡ್ಕೊಳ್ಳಿ. ಹೊಸದಾಗಿ ಬರೆಯೋ ಕೋಡ್ ಆದ್ರೆ ಇದ್ಯಾವ್ದೂ ಬೇಡ, ಡಾಟ್‌ನೆಟ್ 8ರಿಂದ ಟೆಸ್ಟಲ್ಲಿ ಸಮಯ ಬದಲಾಯಿಸೋಕೆ ಟೈಮ್‌ಪ್ರೊವೈಡರ್ ಅಂತಾನೇ ಕೊಟ್ಟಿದಾರೆ.

ಟೆಸ್ಟರ್ ವಿಷಯ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಅವರು ಕೋಡ್ ಬರೆಯಲ್ಲ ಅಂದ್ರೆ ಅವರಿಗೆ ವಿಷುಯಲ್ ಸ್ಟುಡಿಯೋ ಬೇಕಿಲ್ಲ, 5ರ ಲೆಕ್ಕಕ್ಕೂ ಬರಲ್ಲ. ಅವರಿಗೆ ಬೇಕಿರೋದು ಬಗ್ ಬರೆಯೋ ಜಾಗ, ಅದಕ್ಕೆ ಮೈಕ್ರೋಸಾಫ್ಟ್‌ನದೇ ಒಂದು ಆನ್‌ಲೈನ್ ಸೇವೆ ಇದೆ. ಅಜ಼ೂರ್ ಡೆವ್‌ಆಪ್ಸ್‌ನಲ್ಲಿ ಮೊದಲ 5 ಬಳಕೆದಾರರಿಗೆ ಬೇಸಿಕ್ ಪ್ಲಾನ್ ಫ್ರೀ, ವಿಷುಯಲ್ ಸ್ಟುಡಿಯೋ ಸಬ್‌ಸ್ಕ್ರಿಪ್ಶನ್ ಇರೋರು ಆ 5ರಲ್ಲಿ ಸೇರಲ್ಲ, ಅಂದ್ರೆ ಆ ಇಬ್ರನ್ನ ಬಿಟ್ಟು ಉಳಿದ ಐದು ಜನ ಸರಿಯಾಗಿ ಹಿಡಿಸ್ತಾರೆ. ಟೆಸ್ಟ್ ಕೇಸ್‌ಗಳನ್ನ ಪ್ಲಾನ್ ಮಾಡಿ ಇಡೋ ಟೆಸ್ಟ್ ಪ್ಲಾನ್ಸ್ ಬೇಕು ಅಂದ್ರೆ ಅದಕ್ಕೆ ಮಾತ್ರ ಬೇರೆಯಾಗಿ ದುಡ್ಡು ಕೊಡ್ಬೇಕು, ಅದು ಎಂಟರ್‌ಪ್ರೈಸ್ ಸಬ್‌ಸ್ಕ್ರಿಪ್ಶನ್ ಜೊತೆ ಬರುತ್ತೆ ಅಂತ ಅದನ್ನೇ ತಗೊಳ್ಳೋದು ಒಬ್ರಿಗೆ ಕುರ್ಚಿ ಬೇಕು ಅಂತ ಮನೆ ಕೊಂಡ ಹಾಗಾಗುತ್ತೆ.

ಪ್ರೊಫೆಷನಲ್ ತಗೊಳ್ಳುವಾಗ ಸಬ್‌ಸ್ಕ್ರಿಪ್ಶನ್ನೋ ಒಂದೇ ಸಲ ಕೊಳ್ಳೋ ಲೈಸೆನ್ಸೋ ಅಂತ ಪ್ರಶ್ನೆ ಬರುತ್ತೆ. ಒಂದೇ ಸಲ ಕೊಂಡ್ರೆ ಆ ವರ್ಷನ್ ಯಾವಾಗ್ಲೂ ನಿಮ್ಮದೇ, ಆದ್ರೆ ಮುಂದಿನ ವರ್ಷನ್ ಬಂದಾಗ ಮತ್ತೆ ಕೊಳ್ಬೇಕು. ವರ್ಷದ ಸಬ್‌ಸ್ಕ್ರಿಪ್ಶನ್ನಲ್ಲಿ ಹೊಸ ವರ್ಷನ್, ಟೆಸ್ಟ್‌ಗೋಸ್ಕರ ವಿಂಡೋಸ್ ತರದ ಸಾಫ್ಟ್‌ವೇರ್, ತಿಂಗಳಿಗೆ 50 ಡಾಲರ್ ಅಜ಼ೂರ್ ಕ್ರೆಡಿಟ್ ಎಲ್ಲ ಇರುತ್ತೆ, ನೀವು ಕ್ಲೌಡ್‌ನಲ್ಲಿ ಟೆಸ್ಟ್ ಮಾಡೋರಾದ್ರೆ ಆ ಕ್ರೆಡಿಟ್ಟನ್ನ ಖರ್ಚಿನಿಂದ ಕಳೆದು ಲೆಕ್ಕ ಹಾಕಿ ನೋಡಿ.

ಪ್ರಶ್ನೆ: ಮೂರು ಜನ ಇದೀವಿ, ಒಂದು ಲೈಸೆನ್ಸ್ ತಗೊಂಡು ಪಾಳಿ ಮೇಲೆ ಬಳಸ್ಬಹುದಾ?

ಉತ್ತರ: ಆಗಲ್ಲ. ವಿಷುಯಲ್ ಸ್ಟುಡಿಯೋ ಲೈಸೆನ್ಸ್ ವ್ಯಕ್ತಿಗೆ, ಮೆಷಿನ್‌ಗಲ್ಲ. ಲೈಸೆನ್ಸ್ ಇರೋ ಒಬ್ರು ಆಫೀಸ್ ಪಿಸಿ, ಲ್ಯಾಪ್‌ಟಾಪ್, ಮನೆ ಮೆಷಿನ್ ಎಲ್ಲದ್ರಲ್ಲೂ ಹಾಕ್ಕೋಬಹುದು, ಆದ್ರೆ ಮೂರು ಜನಕ್ಕೆ ಮೂರು ಬೇಕು.

ಪ್ರಶ್ನೆ: ಮೈಕ್ರೋಸಾಫ್ಟ್‌ನ ಇನ್ನೊಂದು ಎಡಿಟರ್ ವಿಎಸ್ ಕೋಡ್ ಪೂರ್ತಿ ಫ್ರೀ ಅಲ್ವಾ, ಎಲ್ರೂ ಅದಕ್ಕೇ ಹೋದ್ರೆ ಈ ಲೈಸೆನ್ಸ್ ಗೊಂದಲಾನೇ ಇರಲ್ಲ ಅಲ್ವಾ?

ಉತ್ತರ: ಜಾವಾಸ್ಕ್ರಿಪ್ಟ್, ಪೈಥಾನ್, ಗೋ ಮಾಡೋರಾದ್ರೆ ಹೌದು, ಆರಾಮಾಗಿ ಹೋಗಿ, ಕಂಪನಿ ದೊಡ್ಡದಿದ್ರೂ ಚಿಕ್ಕದಿದ್ರೂ ಎಡಿಟರ್ ಫ್ರೀನೇ. ಸಿ ಶಾರ್ಪ್ ಆದ್ರೆ ಸ್ವಲ್ಪ ತಡೀರಿ. ಸಿ ಶಾರ್ಪ್ ಡೆವ್ ಕಿಟ್ ಅನ್ನೋ ಎಕ್ಸ್‌ಟೆನ್ಶನ್ ಹಾಕ್ತೀರಲ್ಲ, ಅದ್ರ ಲೈಸೆನ್ಸ್ ಕಮ್ಯುನಿಟಿ ಎಡಿಷನ್ ಮಾದರಿಯಲ್ಲೇ ಇರೋದು, 5 ಜನದ ಮಿತಿ, 10 ಲಕ್ಷ ಡಾಲರ್ ಮಿತಿ ಎಲ್ಲಾ ಅಲ್ಲೂ ಬರುತ್ತೆ. ಡೆವ್ ಕಿಟ್ ಬಿಟ್ಟು ಬರೀ ಸಿ ಶಾರ್ಪ್ ಎಕ್ಸ್‌ಟೆನ್ಶನ್ ಇಟ್ಕೊಂಡ್ರೆ ಆ ಮಿತಿ ಇಲ್ಲ. ಎಡಿಟರ್ ಫ್ರೀ ಅಂದ ಮಾತ್ರಕ್ಕೆ ಅದ್ರೊಳಗೆ ಹಾಕೋದೆಲ್ಲ ಫ್ರೀ ಅಲ್ಲ, ಒಂದೊಂದು ಎಕ್ಸ್‌ಟೆನ್ಶನ್ ಲೈಸೆನ್ಸೂ ಓದಿ.

ಪ್ರಶ್ನೆ: ಸಿ ಶಾರ್ಪ್ ಕೋಡ್ ಬರೆಯೋಕೆ ನಾವು ಜೆಟ್‌ಬ್ರೇನ್ಸ್ ಕಂಪನಿಯ ರೈಡರ್ ಇಷ್ಟಪಡ್ತೀವಿ. ಈಗ ಫ್ರೀ ಅಂತ ಕೇಳಿದೆ, ನಿಜಾನಾ?

ಉತ್ತರ: ಅರ್ಧ ನಿಜ. 2024ರ ಅಕ್ಟೋಬರ್‌ನಿಂದ ರೈಡರ್ ಮತ್ತು ಅವರದೇ ಜಾವಾಸ್ಕ್ರಿಪ್ಟ್ ಎಡಿಟರ್ ವೆಬ್‌ಸ್ಟಾರ್ಮ್ ದುಡ್ಡಿಗಲ್ಲದ ಬಳಕೆಗೆ ಫ್ರೀ, ಅಂದ್ರೆ ಕಲಿಯೋಕೆ, ಹವ್ಯಾಸಕ್ಕೆ, ಓಪನ್ ಸೋರ್ಸ್‌ಗೆ. ಕಂಪನಿ ಕೆಲಸಕ್ಕೆ ದುಡ್ಡು ಕೊಡ್ಲೇಬೇಕು. ಇನ್ನೊಂದು, ವೈಯಕ್ತಿಕ ಲೈಸೆನ್ಸ್ ಅಗ್ಗ ಅಂತ ಡೆವಲಪರ್ ಹೆಸರಲ್ಲಿ ಕೊಂಡು ಕಂಪನಿ ದುಡ್ಡು ವಾಪಸ್ ಕೊಡೋದು ಅಂತ ಕೆಲವು ಕಡೆ ಮಾಡ್ತಾರೆ, ಅದಕ್ಕೆ ಅವಕಾಶ ಇಲ್ಲ. ತಮ್ಮ ಸ್ವಂತ ದುಡ್ಡಲ್ಲಿ ಕೊಂಡು ಆಫೀಸ್ ಕೆಲಸಕ್ಕೂ ಬಳಸ್ಬಹುದು, ಕಂಪನಿ ದುಡ್ಡು ಅಂದ್ರೆ ಕಂಪನಿ ಲೈಸೆನ್ಸೇ ಆಗ್ಬೇಕು. ಅವರ ಒಂದು ನಿಯಮ ನನಗೆ ಇಷ್ಟ, 12 ತಿಂಗಳು ಬಿಡದೆ ಕಟ್ಟಿದ್ರೆ ಆಮೇಲೆ ನಿಲ್ಲಿಸಿದ್ರೂ ಆ ಅವಧಿ ಶುರುವಾದಾಗ ಇದ್ದ ವರ್ಷನ್ ಯಾವಾಗ್ಲೂ ಬಳಸೋ ಹಕ್ಕು ಉಳಿಯುತ್ತೆ. ಆದಾಯ ಒಂದೇ ಸಮ ಇಲ್ಲದ ಚಿಕ್ಕ ಟೀಮಿಗೆ ಇದು ದೊಡ್ಡ ಧೈರ್ಯ.

ಪ್ರಶ್ನೆ: ಡೇಟಾಬೇಸ್‌ಗೆ ಎಸ್‌ಕ್ಯೂಎಲ್ ಸರ್ವರ್ ಡೆವಲಪರ್ ಎಡಿಷನ್ ಫ್ರೀ ಅಂತ ಹಾಕಿದೀವಿ, ಗಿರಾಕಿ ಕಡೆ ಅದ್ರ ಎಕ್ಸ್‌ಪ್ರೆಸ್ ಎಡಿಷನ್ ಇದೆ. ರಾತ್ರಿ ಓಡಬೇಕಾದ ಜಾಬ್ ಅಲ್ಲಿ ಓಡ್ತಾನೇ ಇಲ್ಲ. ಏನ್ ತಪ್ಪಾಗಿದೆ?

ಉತ್ತರ: ನಿಮ್ಮ ಕೋಡಲ್ಲಿ ಏನೂ ತಪ್ಪಿಲ್ಲ. ಡೆವಲಪರ್ ಎಡಿಷನ್ 2016ರಿಂದ ಫ್ರೀ, ಅದ್ರ 2022ರವರೆಗಿನ ವರ್ಷನ್‌ಗಳಲ್ಲಿ ಎಸ್‌ಕ್ಯೂಎಲ್ ಸರ್ವರ್ ಎಂಟರ್‌ಪ್ರೈಸ್‌ನ ಎಲ್ಲಾ ಫೀಚರ್ ಇರುತ್ತೆ, ಪ್ರೊಡಕ್ಷನ್‌ನಲ್ಲಿ (ಗಿರಾಕಿ ನಿಜವಾಗಿ ಬಳಸೋ ಸಿಸ್ಟಮ್‌ನಲ್ಲಿ) ಮಾತ್ರ ಬಳಸೋ ಹಾಗಿಲ್ಲ. ಎಕ್ಸ್‌ಪ್ರೆಸ್‌ನಲ್ಲಿ ಏಜೆಂಟ್ ಸೇವೆಯೇ ಓಡಲ್ಲ, ಜಾಬ್‌ಗಳನ್ನ ಸಮಯಕ್ಕೆ ಸರಿಯಾಗಿ ಓಡಿಸೋದು ಅದೇ. ಅದೇ ಸ್ಕ್ರಿಪ್ಟನ್ನ ವಿಂಡೋಸ್ ಟಾಸ್ಕ್ ಶೆಡ್ಯೂಲರ್‌ನಿಂದ ಎಸ್‌ಕ್ಯೂಎಲ್‌ಸಿಎಂಡಿ ಅನ್ನೋ ಕಮಾಂಡ್ ಮೂಲಕ ಓಡಿಸಿ, ಸರಿಹೋಗುತ್ತೆ. ಜೊತೆಗೆ ಒಂದು ಮೆಷಿನ್ನಲ್ಲಿ ಎಕ್ಸ್‌ಪ್ರೆಸ್ ಹಾಕಿ, ಗಿರಾಕಿಗೆ ಕಳಿಸೋ ಮುಂಚೆ ಅದ್ರ ಮೇಲೇ ಒಂದು ಸಲ ಎಲ್ಲಾ ಓಡಿಸಿ ನೋಡಿ. ಡೇಟಾಬೇಸ್ ಗಾತ್ರದ ಮೇಲೂ ಕಣ್ಣಿರ್ಲಿ, 2022ರವರೆಗಿನ ಎಕ್ಸ್‌ಪ್ರೆಸ್‌ನಲ್ಲಿ ಒಂದು ಡೇಟಾಬೇಸ್ 10 ಜಿಬಿ ಮೀರೋ ಹಾಗಿಲ್ಲ, 2025ರದ್ರಲ್ಲಿ ಅದನ್ನ 50 ಜಿಬಿಗೆ ಏರಿಸಿದಾರೆ. ಗಿರಾಕಿ ಹತ್ರ ಈಗ ಎಷ್ಟು ಜಿಬಿ ಆಗಿದೆ ಅಂತ ಇವತ್ತೇ ಕೇಳಿ, 10ರ ಹತ್ರ ಬಂದಿದ್ರೆ 2025ಕ್ಕೆ ಅಪ್‌ಗ್ರೇಡ್ ಮಾಡೋ ಮಾತು ಈಗ್ಲೇ ಶುರು ಮಾಡಿ.