ಬೆಳಿಗ್ಗೆ 7ಕ್ಕೆ ಹೊರಟು ಅದೇ ದಿನ ಸಂಜೆ ಅಮೆರಿಕದಲ್ಲಾ?

ಪ್ರಶ್ನೆ: ಮೇ ತಿಂಗಳಲ್ಲಿ ನಾನೂ ನಮ್ಮ ಯಜಮಾನರೂ ಸ್ಯಾನ್ ಫ್ರಾನ್ಸಿಸ್ಕೋಗೆ, ಮಗಳ ಮನೆಗೆ ಹೊರಟಿದ್ದೇವೆ. ಲಂಡನ್‌ನಲ್ಲಿ ವಿಮಾನ ಬದಲಿಸಬೇಕು. ಟಿಕೆಟ್‌ನಲ್ಲಿ ಬೆಂಗಳೂರು ಬಿಡುವುದು ಬೆಳಿಗ್ಗೆ 7ಕ್ಕೆ, ತಲುಪುವುದು ಅದೇ ದಿನ ಸಂಜೆ 6.30ಕ್ಕೆ ಎಂದಿದೆ. ಅಂದರೆ ಹನ್ನೊಂದೂವರೆ ಗಂಟೆ. ಫೋನ್‌ನಲ್ಲಿ ನೋಡಿದರೆ ದೂರ 14,000 ಕಿ.ಮೀ. ಗಂಟೆಗೆ 900 ಅಂತ ಹಿಡಿದರೂ ಹದಿನೈದೂವರೆ ಗಂಟೆ ಬೇಕು. ಮಗಳು ನೋಡಿದ್ರೆ ಪೂರ್ತಿ ಒಂದು ದಿನ ಅಂತಾಳೆ. ಯಾರ ಲೆಕ್ಕ ಸರಿ?
- ಓದುಗರು, ಚಿಂತಾಮಣಿ

ಉತ್ತರ: ಮಗಳ ಲೆಕ್ಕವೇ ಸರಿ. ಟಿಕೆಟ್‌ನಲ್ಲಿ ಬರೆಯುವುದು ಆಯಾ ಊರಿನ ಗಡಿಯಾರದ ಸಮಯ. ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ ಇರುತ್ತದೆ. ನಿಮ್ಮ ಹನ್ನೊಂದೂವರೆಗೆ ಅದನ್ನು ಸೇರಿಸಿ, ಸರಿಯಾಗಿ 24 ಗಂಟೆ! ಚಳಿಗಾಲದಲ್ಲಿ ಅಲ್ಲಿನವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಗ ವ್ಯತ್ಯಾಸ ಹದಿಮೂರೂವರೆ.

ಫೋನ್ ಹೇಳಿದ 14,000 ಸುಳ್ಳಲ್ಲ. ಆದರೆ ಅದು ನೇರ ದಾರಿ. ಆ ದಾರಿ ಎಲ್ಲಿ ಹೋಗುತ್ತದೆ ಅಂತ ನೋಡಬೇಕಾದರೆ ಮೊಮ್ಮಕ್ಕಳ ಗ್ಲೋಬ್ ಮೇಲೆ ಎರಡೂ ಊರಿಗೆ ಒಂದು ದಾರ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ ಅಲಾಸ್ಕಾ ಮೇಲಿಂದ ಕೆಳಗಿಳಿಯುತ್ತದೆ. ಗೋಡೆಯ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದು ಅದೇ ದಾರಿಯಲ್ಲಿ ಹೋದರೆ ಸಾವಿರಾರು ಕಿ.ಮೀ. ಜಾಸ್ತಿಯೇ ಆಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಅಲ್ಲಿಂದ ಬೆಂಗಳೂರಿಗೆ ನೇರ ವಿಮಾನ ಶುರು ಮಾಡಿದಾಗ, ಮೊದಲ ವಿಮಾನವನ್ನು ಉತ್ತರ ಧ್ರುವದ ಮೇಲಿಂದ ತಂದವರು ಮಹಿಳಾ ಪೈಲಟ್‌ಗಳೇ. ಅದಕ್ಕೂ ಸುಮಾರು 17 ಗಂಟೆ ಹಿಡಿಯಿತು.

ನಿಮ್ಮದು ಬಳಸು ದಾರಿ. ಲಂಡನ್‌ಗೆ ಸುಮಾರು 8,000 ಕಿ.ಮೀ., ಅಲ್ಲಿಂದ ಮುಂದೆ ಸುಮಾರು 8,600. ವಿಮಾನದಲ್ಲೇ ಇಪ್ಪತ್ತೊಂದೂವರೆ ಗಂಟೆ ಕೂರಬೇಕಾಗುತ್ತದೆ. ಲಂಡನ್‌ನಲ್ಲಿ ಉಳಿಯುವುದು ಎರಡೂವರೆ ಗಂಟೆ. ನನ್ನ ಪ್ರಕಾರ ಹಿರಿಯರಿಗೆ ಇದು ಸಾಲದು, ನಾಲ್ಕಾದರೂ ಇರಲಿ. ಮೊದಲ ವಿಮಾನ ತಡವಾದರೆ ಅಲ್ಲಿ ಓಡೋಕೆ ಆಗಲ್ಲ ಅಲ್ವಾ? ಗಾಲಿಕುರ್ಚಿ ಬೇಕು ಅಂತ ಟಿಕೆಟ್ ಮಾಡುವಾಗಲೇ ಹೇಳಿಬಿಡಿ, ಸಂಕೋಚ ಬೇಡ.

ಮನೆಯಿಂದ ಲೆಕ್ಕ ಹಾಕಿದರೆ ಇನ್ನೂ ಐದು ಗಂಟೆ ಸೇರಿಸಿ. ಮೂರು ಗಂಟೆ ಮುಂಚೆ ಅಂದರೆ ಬೆಳಗಿನ ಜಾವ 4ಕ್ಕೆ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿರಬೇಕು. ಶಿಡ್ಲಘಟ್ಟ, ವಿಜಯಪುರದ ಮೇಲೆ ಬರುವ ನೀವು ಮಧ್ಯರಾತ್ರಿ 2ಕ್ಕೇ ಹೊರಡಿ.

ಬರುವಾಗ ಒಂದೆರಡು ಗಂಟೆ ಉಳಿಯಬಹುದು. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ, ಅದು ವಿಮಾನವನ್ನು ಹಿಂದಿನಿಂದ ನೂಕುತ್ತದೆ. ಆದರೆ ತಾರೀಕು ಮಾತ್ರ ಜೋಪಾನ. ಮೇ 20ರ ಸಂಜೆ 4ಕ್ಕೆ ಅಲ್ಲಿಂದ ಹೊರಟು 22 ಗಂಟೆಯಲ್ಲಿ ಬಂದರೂ ಇಲ್ಲಿ ಇಳಿಯುವುದು 22ರ ಬೆಳಗಿನ ಜಾವ ಎರಡೂವರೆಗೆ. ಕರೆತರಲು ಬರುವವರಿಗೆ '21ರ ರಾತ್ರಿ ಊಟ ಮಾಡಿ ಹೊರಡಿ' ಅಂತ ಹೇಳಿ. ಬರೀ '22ಕ್ಕೆ' ಅಂದರೆ ಅವರು 22ರ ರಾತ್ರಿ ಬರುತ್ತಾರೆ.