ಓದುಗರ ಪ್ರಶ್ನೆ, ನಮ್ಮ ಉತ್ತರ: ಸೇನೆಯಿಂದ ವಾಪಸ್ ಬಂದವರಿಗೆ ಏನು ಹೇಳಬೇಕು?

ಹೋದ ತಿಂಗಳು ಮಾಜಿ ಸೈನಿಕರ ಗೌರವದ ಬಗ್ಗೆ ಬಂದ ಒಂದು ಸಣ್ಣ ಪ್ರಶ್ನೆಗೆ ಉತ್ತರ ಬರೆದಿದ್ದೆ. ಅದಾದ ಮೇಲೆ ಪತ್ರಗಳು ಬರುತ್ತಲೇ ಇವೆ. ಹಾಗಾಗಿ ಈ ಸಲ ಇಡೀ ಅಂಕಣ ಅದಕ್ಕೇ ಮೀಸಲು. ಹೆಚ್ಚಿನವರು ಹೆಸರು ಬೇಡ ಅಂದಿದ್ದಾರೆ, ಆದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ನನ್ನ ಅಪ್ಪ ಮಿಲಿಟರಿಯಲ್ಲಿದ್ದವರು. ಈ ವಿಷಯವನ್ನು ದೂರ ನಿಂತು ನೋಡಲು ನನ್ನಿಂದ ಆಗುವುದಿಲ್ಲ.

ಪ್ರಶ್ನೆ: ರೈಲಿನಲ್ಲಿ ಎದುರಿಗೆ ಕೂತಿದ್ದ ಹಿರಿಯರು ಮಾತಿನ ಮಧ್ಯೆ ತಾವು ಸೇನೆಯಲ್ಲಿದ್ದವರು ಅಂದರು. ನಾನು ಖುಷಿಯಿಂದ 'ನಿಮ್ಮ ಸೇವೆಗೆ ತುಂಬಾ ಥ್ಯಾಂಕ್ಸ್ ಸರ್' ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, 'ಮುಂದಿನ ಸ್ಟೇಷನ್ ಯಾವುದು?' ಅಂತ ಕೇಳಿದರು. ಆಮೇಲೆ ಮಾತೇ ಬೆಳೆಯಲಿಲ್ಲ. ನಾನು ಏನಾದರೂ ತಪ್ಪು ಮಾಡಿದೆನಾ?

ಉತ್ತರ: ತಪ್ಪು ಖಂಡಿತ ಮಾಡಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಪ್ಪನೂ ಹೀಗೇ. ಯಾರಾದರೂ ಹೊಗಳಲು ಶುರು ಮಾಡಿದರೆ ಕನ್ನಡಕ ಹುಡುಕುವ ನೆಪದಲ್ಲಿ ಒಳಗೆ ಎದ್ದು ಹೋಗುತ್ತಿದ್ದರು. ನಾಚಿಕೆ ಸ್ವಭಾವ ಅಂತ ಎಷ್ಟೋ ವರ್ಷ ನಾನು ಅಂದುಕೊಂಡಿದ್ದೆ. ವಯಸ್ಸಾದ ಮೇಲೆ ಒಂದು ದಿನ, ನಾನು ಕೇಳದೆಯೇ ಹೇಳಿದರು: 'ನನಗೆ ಹೇಳ್ತಾರೆ. ಅವನಿಗೆ ಯಾರು ಹೇಳ್ತಾರೆ?' ಅವನು ಅಂದರೆ ಯಾರು ಅಂತ ಅವತ್ತು ಹೇಳಲಿಲ್ಲ. ಜೊತೆಯಲ್ಲಿ ತರಬೇತಿ ಮುಗಿಸಿ, ಒಂದೇ ಟೆಂಟಿನಲ್ಲಿ ಮಲಗಿ, ಆಮೇಲೆ ವಾಪಸ್ ಬಾರದೇ ಹೋದ ಒಬ್ಬ ಗೆಳೆಯ ಅಂತ ಅಮ್ಮ ಹೇಳಿ ಗೊತ್ತಾಯಿತು. ಅಪ್ಪನ ಕಿವಿಗೆ ಬಿದ್ದ ಒಂದೊಂದು ಹೊಗಳಿಕೆಯೂ ಆ ಗೆಳೆಯನಿಗೆ ಸೇರಬೇಕಾದದ್ದು ಅನ್ನುವ ಭಾವನೆ ಅವರಿಗೆ.

ಎಲ್ಲರೂ ಹೀಗೇ ಅಂತ ಅಲ್ಲ. ಥ್ಯಾಂಕ್ಸ್ ಕೇಳಿ ಮುಖ ಅರಳಿಸುವವರೂ ಇದ್ದಾರೆ. ಆದರೆ ಆ ಮಾತು ಹೇಳಿದ ತಕ್ಷಣ ಹೇಳಿದವರಿಗೆ ಹಗುರ ಆಗುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಕೇಳಿಸಿಕೊಂಡವರು ಏನು ಉತ್ತರ ಕೊಡಬೇಕು? 'ಪರವಾಗಿಲ್ಲ' ಅನ್ನಲೂ ಆಗುವುದಿಲ್ಲ, ಸುಮ್ಮನಿರಲೂ ಆಗುವುದಿಲ್ಲ.

ಕೃತಜ್ಞತೆ ಅನ್ನುವ ಪದವನ್ನು ನಾವು ದಿನಾ ಬಳಸುತ್ತೇವೆ, ಬಿಡಿಸಿ ನೋಡುವುದು ಕಡಿಮೆ. ಕೃತ ಅಂದರೆ ಮಾಡಿದ್ದು. ಜ್ಞ ಅಂದರೆ ಬಲ್ಲವನು. ಯಾರೋ ನಮಗಾಗಿ ಮಾಡಿದ್ದನ್ನು ತಿಳಿದಿರುವವನೇ ಕೃತಜ್ಞ. ಹಾಗಾಗಿ ಮುಂದಿನ ಸಲ ಕೇಳಿ ನೋಡಿ: ಎಷ್ಟು ವರ್ಷ ಇದ್ರಿ? ಯಾವ ಕೆಲಸದಲ್ಲಿದ್ರಿ? ಮೊದಲ ಪೋಸ್ಟಿಂಗ್ ಎಲ್ಲಿ? ಜೊತೆಯವರು ಈಗಲೂ ಸಂಪರ್ಕದಲ್ಲಿದ್ದಾರಾ? ಇಷ್ಟು ಸಾಕು, ಹೇಳಬೇಕು ಅನಿಸಿದರೆ ಅವರೇ ಮುಂದುವರಿಸುತ್ತಾರೆ, ಇಲ್ಲದಿದ್ದರೆ ಹವಾಮಾನದ ಮಾತಾಡುತ್ತಾರೆ, ಅದೂ ಒಳ್ಳೆಯದೇ. 'ಎಷ್ಟು ಜನರನ್ನು ಕೊಂದಿದ್ದೀರಿ' ಅಂತ ಮಾತ್ರ ಯಾವತ್ತೂ ಕೇಳಬೇಡಿ. ಮಕ್ಕಳು ಕೇಳಿದರೆ ಪಕ್ಕಕ್ಕೆ ಕರೆದು ತಿದ್ದಿ ಹೇಳಿ. ದೊಡ್ಡವರೇ ಕೇಳಿದ್ದನ್ನು ನಾನು ನೋಡಿದ್ದೇನೆ, ಅವತ್ತು ಅಪ್ಪ ರಾತ್ರಿ ಊಟ ಮಾಡಲಿಲ್ಲ.

ಪ್ರಶ್ನೆ: ನಾನು ಯುದ್ಧವನ್ನು ವಿರೋಧಿಸುವವಳು. ಸೈನಿಕರಿಗೆ ಗೌರವ ಕೊಟ್ಟರೆ ಯುದ್ಧವನ್ನೇ ಒಪ್ಪಿಕೊಂಡ ಹಾಗಾಗುವುದಿಲ್ವಾ?

ಉತ್ತರ: ಆಗುವುದಿಲ್ಲ. ಯುದ್ಧ ಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರು ಬೇರೆ, ಹೋಗು ಅಂದಾಗ ಹೋಗುವವರು ಬೇರೆ. ಈ ಎರಡನ್ನೂ ಕಲಸಿಬಿಟ್ಟರೆ ಏನಾಗುತ್ತದೆ ಅಂತ ಅಮೆರಿಕದವರಿಗೆ ವಿಯೆಟ್ನಾಂ ಯುದ್ಧದ ಸಮಯದಲ್ಲಿ ಗೊತ್ತಾಯಿತು. ಆ ಯುದ್ಧದ ಮೇಲಿದ್ದ ಸಿಟ್ಟು ವಾಪಸ್ ಬಂದ ಹುಡುಗರ ಮೇಲೂ ತಿರುಗಿತು. ಅವರಲ್ಲಿ ಎಷ್ಟೋ ಮಂದಿ ಕಡ್ಡಾಯ ಸೇವೆಗೆ ಕರೆ ಬಂದು ಹೋದವರು. ಮನೆಗೆ ಬಂದ ಮೇಲೆ ತಾವು ಎಲ್ಲಿಗೆ ಹೋಗಿದ್ದೆವು ಅಂತ ಹೇಳಿಕೊಳ್ಳಲೂ ಅವರು ಹಿಂಜರಿದರು.

ಆ ಯುದ್ಧದಲ್ಲಿ ಹೋರಾಡಿ ಬಂದವರೇ ಸೇರಿ, ಜನರಿಂದ ಹಣ ಕೂಡಿಸಿ, ವಾಷಿಂಗ್ಟನ್ನಿನಲ್ಲಿ ಒಂದು ಸ್ಮಾರಕ ಕಟ್ಟಿಸಿದರು. 1982ರಲ್ಲಿ ಅದು ಪೂರ್ತಿಯಾಯಿತು. ವಿನ್ಯಾಸ ಮಾಡಿದವಳು ಮಾಯಾ ಲಿನ್, ಆಯ್ಕೆಯಾದಾಗ ಅವಳಿಗೆ 21 ವರ್ಷ, ಇನ್ನೂ ವಿದ್ಯಾರ್ಥಿನಿ. ಅದು ಕಪ್ಪು ಗ್ರಾನೈಟಿನ ಗೋಡೆ. ಅದರ ಮೇಲೆ 58,000ಕ್ಕೂ ಹೆಚ್ಚು ಹೆಸರುಗಳಿವೆ. ಅಧಿಕಾರಿ, ಸಿಪಾಯಿ ಅನ್ನುವ ಹುದ್ದೆಯ ಗುರುತಿಲ್ಲ. ತಾರೀಖಿನ ಪ್ರಕಾರ ಹೆಸರು ಕೆತ್ತಿದ್ದಾರೆ, ಹಾಗಾಗಿ ಒಂದೇ ದಿನ ಒಟ್ಟಿಗೆ ಸತ್ತವರು ಗೋಡೆಯ ಮೇಲೂ ಅಕ್ಕಪಕ್ಕದಲ್ಲೇ ಇದ್ದಾರೆ. ಕಲ್ಲಿಗೆ ಎಷ್ಟು ಹೊಳಪಿದೆ ಅಂದರೆ ಹೆಸರು ಓದಲು ನಿಂತವರಿಗೆ ಆ ಹೆಸರುಗಳ ಮಧ್ಯೆ ತಮ್ಮ ಮುಖವೇ ಕಾಣುತ್ತದೆ. ಯುದ್ಧ ಸರಿಯೋ ತಪ್ಪೋ ಅಂತ ಆ ಗೋಡೆ ಒಂದು ಮಾತೂ ಹೇಳುವುದಿಲ್ಲ. ಯುದ್ಧವನ್ನು ವಿರೋಧಿಸಿದವರೂ ಅಲ್ಲಿ ಬಂದು ನಿಂತು ಅತ್ತಿದ್ದಾರೆ.

ನಿಮ್ಮ ವಿರೋಧವನ್ನು ಬಿಡಬೇಡಿ. ಯುದ್ಧ ಅಂದರೆ ಏನು ಅಂತ ಅತಿ ಚೆನ್ನಾಗಿ ಬಲ್ಲವರ ಹತ್ತಿರ ಒಮ್ಮೆ ಕೂತು ಮಾತಾಡಿ, ಅಷ್ಟೇ. ನಿಮ್ಮಿಬ್ಬರ ಅಭಿಪ್ರಾಯ ಒಂದೇ ಇದ್ದರೂ ಇರಬಹುದು.

ಪ್ರಶ್ನೆ: ನಮ್ಮಪ್ಪ ಸೇನೆಯಲ್ಲಿ ಲಾರಿ ಡ್ರೈವರ್ ಆಗಿದ್ದರು. ಸನ್ಮಾನಕ್ಕೆ ಕರೆದರೆ 'ನಾನೇನು ಗುಂಡು ಹಾರಿಸಿದವನಾ, ನನ್ನನ್ನ ಯಾಕೆ ಕರೀತೀರಾ' ಅಂತ ಬರುವುದೇ ಇಲ್ಲ. ಅವರು ಹೇಳುವುದು ಸರಿಯಾ?

ಉತ್ತರ: ಸರಿಯಲ್ಲ, ಮತ್ತು ಇದನ್ನು ಅವರಿಗೆ ಓದಿ ಹೇಳಿ.

ಮುಂದೆ ನಿಂತು ಹೋರಾಡುವ ಒಬ್ಬೊಬ್ಬ ಸೈನಿಕನ ಹಿಂದೆಯೂ ಲಾರಿ ಓಡಿಸುವವರು, ಅಡುಗೆ ಮಾಡುವವರು, ರೇಡಿಯೋ ಸರಿಮಾಡುವವರು, ರಸ್ತೆ ಕಡಿಯುವವರು, ಗಾಯಕ್ಕೆ ಪಟ್ಟಿ ಕಟ್ಟುವವರು ಇರುತ್ತಾರೆ. ಗುಂಡುಗಳನ್ನು ಹೊತ್ತ ಲಾರಿಯೂ ಶತ್ರು ಹುಡುಕುವ ಗುರಿಯೇ. ರಾತ್ರಿ ದೀಪ ಹಾಕದೆ, ಕಡಿದಾದ ದಾರಿಯಲ್ಲಿ, ಮುಂದಿನ ಲಾರಿಯ ನೆರಳು ನೋಡಿಕೊಂಡು ಓಡಿಸುವುದು ಸಣ್ಣ ಕೆಲಸ ಅಲ್ಲ.

ಇಂಥವರನ್ನು ಮರೆಯುವುದು ಹಳೆಯ ರೋಗ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಪರವಾಗಿ ಸತ್ತವರ ಸಮಾಧಿ ನೋಡಿಕೊಳ್ಳಲು 1917ರಲ್ಲಿ ಒಂದು ಆಯೋಗ ಶುರುವಾಯಿತು, ಈಗ ಅದನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಅನ್ನುತ್ತಾರೆ. ಶ್ರೀಮಂತ ಬಡವ, ಅಧಿಕಾರಿ ಸಿಪಾಯಿ ಅಂತ ಭೇದ ಮಾಡದೆ ಎಲ್ಲರಿಗೂ ಒಂದೇ ಗೌರವ ಅನ್ನುವುದು ಅವರ ನಿಯಮ. ಆದರೆ 2021ರಲ್ಲಿ ಆಯೋಗವೇ ಮಾಡಿಸಿದ ತನಿಖೆಯ ವರದಿ ಬಂತು. ಕಡಿಮೆ ಅಂದರೂ 1,16,000 ಮಂದಿಯ ಹೆಸರು ಯಾವ ಸ್ಮಾರಕದ ಮೇಲೂ ಇಲ್ಲ, ಆ ಸಂಖ್ಯೆ 3,50,000ದವರೆಗೂ ಇರಬಹುದು ಅಂತ ಅದರಲ್ಲಿತ್ತು. ಹೆಚ್ಚಿನವರು ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನ ಜನ. ಸೈನ್ಯಕ್ಕಾಗಿ ಹೊರೆ ಹೊತ್ತು, ದಾರಿಯಲ್ಲೇ ಕಾಯಿಲೆಗೆ ಸುಸ್ತಿಗೆ ಬಲಿಯಾದವರು ಅವರಲ್ಲಿ ಎಷ್ಟೋ ಜನ. ಆಯೋಗ ಕ್ಷಮೆ ಕೇಳಿತು. ನೂರು ವರ್ಷ ತಡವಾಗಿ.

ನಿಮ್ಮಪ್ಪ ಓಡಿಸಿದ ಲಾರಿ ಯಾವುದು, ಯಾವ ದಾರಿ, ಏನು ಹೊತ್ತೊಯ್ಯುತ್ತಿದ್ದರು, ಎಲ್ಲವನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಅವರು ವೇದಿಕೆಗೆ ಬರದಿದ್ದರೆ ಬೇಡ, ಆ ನೋಟ್‌ಬುಕ್ ಇರಲಿ.

ಪ್ರಶ್ನೆ: ನವೆಂಬರ್ 11ಕ್ಕೆ ಯಾಕೆ ಎರಡು ನಿಮಿಷ ಮೌನ ಆಚರಿಸುತ್ತಾರೆ?

ಉತ್ತರ: 1918ರಲ್ಲಿ ಆ ದಿನ ಬೆಳಿಗ್ಗೆ 11 ಗಂಟೆಗೆ ಮೊದಲ ಮಹಾಯುದ್ಧದ ಗುಂಡಿನ ಸದ್ದು ಪಶ್ಚಿಮ ಯುರೋಪಿನ ರಣರಂಗದಲ್ಲಿ ನಿಂತಿತು. ಒಪ್ಪಂದಕ್ಕೆ ಸಹಿ ಬಿದ್ದದ್ದು ನಸುಕಿನಲ್ಲೇ, ಆದರೂ 11ರ ತನಕ ಜನ ಸಾಯುತ್ತಲೇ ಇದ್ದರು. ಬ್ರಿಟನ್ನಿನಲ್ಲಿ ಮರುವರ್ಷ, 1919ರಲ್ಲಿ, ಎರಡು ನಿಮಿಷದ ಮೌನ ಶುರುವಾಯಿತು. ಅಮೆರಿಕದಲ್ಲಿ ಅದೇ ದಿನಕ್ಕೆ 1954ರಲ್ಲಿ ಮಾಜಿ ಸೈನಿಕರ ದಿನ ಅಂತ ಹೆಸರು ಬಂತು. ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಏಪ್ರಿಲ್ 25 ಮುಖ್ಯ, 1915ರಲ್ಲಿ ಅವರ ಹುಡುಗರು ಯುದ್ಧಕ್ಕೆ ಟರ್ಕಿಯ ಗ್ಯಾಲಿಪೊಲಿಯಲ್ಲಿ ಇಳಿದ ದಿನ ಅದು. ಭಾರತದಲ್ಲಿ ಮಾಜಿ ಸೈನಿಕರ ದಿನ ಜನವರಿ 14. 1953ರಲ್ಲಿ ಜನರಲ್ ಕಾರ್ಯಪ್ಪ ನಿವೃತ್ತರಾದ ದಿನ.

ಪ್ರಶ್ನೆ: ನಮ್ಮ ಯಜಮಾನರು ಸೇನೆ ಬಿಟ್ಟು ಆರು ವರ್ಷ ಆಯಿತು. ರಾತ್ರಿ ಬೆಚ್ಚಿ ಏಳುತ್ತಾರೆ. ಬಾಗಿಲು ಕಾಣುವ ಹಾಗೆಯೇ ಕೂರುತ್ತಾರೆ. ಪಟಾಕಿ ಸದ್ದಾದರೆ ಮುಖ ಬಿಳಿಚಿಕೊಳ್ಳುತ್ತದೆ. ಡಾಕ್ಟರ್ ಹತ್ತಿರ ಹೋಗೋಣ ಅಂದರೆ 'ನಾನು ಹೇಡಿಯಲ್ಲ' ಅಂತ ರೇಗುತ್ತಾರೆ. ಊರವರೆಲ್ಲ ಅವರನ್ನು ಹೀರೋ ಅನ್ನುತ್ತಾರೆ. ನಾನು ಯಾರ ಹತ್ತಿರ ಹೇಳಿಕೊಳ್ಳಲಿ?

ಉತ್ತರ: ತಾಯಿ, ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ.

ಇದು ಹೇಡಿತನ ಅಲ್ಲ ಅಂತ ತಿಳಿಯಲು ಜಗತ್ತಿಗೇ ತುಂಬಾ ಕಾಲ ಹಿಡಿಯಿತು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಅನ್ನುವ ಬ್ರಿಟಿಷ್ ವೈದ್ಯರು 'ಶೆಲ್ ಶಾಕ್' ಅನ್ನುವ ಹೆಸರಿನಲ್ಲಿ ಇಂಥ ಸೈನಿಕರ ಬಗ್ಗೆ ಬರೆದರು. ಮೈ ಮೇಲೆ ಒಂದು ಗೆರೆ ಗಾಯ ಇಲ್ಲ, ಆದರೆ ಕೈ ನಡುಗುತ್ತದೆ, ಮಾತು ನಿಂತುಹೋಗುತ್ತದೆ, ನಿದ್ದೆ ಬರುವುದಿಲ್ಲ. ಅದೇ ಯುದ್ಧದಲ್ಲಿ ಓಡಿಹೋದರು, ಹೆದರಿದರು ಅನ್ನುವಂಥ ಕಾರಣಕ್ಕೆ ಬ್ರಿಟಿಷ್ ಸೇನೆ ತನ್ನದೇ ಸೈನಿಕರನ್ನು ಗುಂಡಿಟ್ಟು ಕೊಂದಿತು. ಅಂಥ 306 ಜನರಿಗೆ 2006ರಲ್ಲಿ ಕ್ಷಮಾದಾನ ಕೊಟ್ಟರು. ಈ ಕಾಯಿಲೆಗೆ ಪಿಟಿಎಸ್‌ಡಿ (ಆಘಾತದ ನಂತರದ ಒತ್ತಡದ ಕಾಯಿಲೆ) ಅನ್ನುವ ಈಗಿನ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ.

ಅಪಾಯದ ಜಾಗದಲ್ಲಿ ತಿಂಗಳುಗಟ್ಟಲೆ ಎಚ್ಚರವಾಗಿದ್ದ ಮೈಗೆ ಅಪಾಯ ಮುಗಿದದ್ದು ಗೊತ್ತಾಗುವುದಿಲ್ಲ. ಅಲ್ಲಿ ಅವರ ಜೀವ ಉಳಿಸಿದ ಆ ಎಚ್ಚರವೇ ಇಲ್ಲಿ ನಿದ್ದೆ ಕೆಡಿಸುತ್ತಿದೆ. ಅವರಿಗೆ ಈ ಮಾತನ್ನೇ ಹೇಳಿ ನೋಡಿ. ಚಿಕಿತ್ಸೆ ಇದೆ. ನುರಿತವರ ಜೊತೆ ವಾರಕ್ಕೊಮ್ಮೆ ಕೂತು ಮಾತಾಡುವ ಚಿಕಿತ್ಸೆಯಿಂದ ಎಷ್ಟೋ ಜನರಿಗೆ ಗುಣ ಸಿಕ್ಕಿದೆ, ಕೆಲವರಿಗೆ ಮಾತ್ರೆಯೂ ಬೇಕಾಗಬಹುದು. ಮೊದಲ ಸಲ ಡಾಕ್ಟರ್ ಹತ್ತಿರ ಹೋಗಲು ಹೆಂಡತಿಯ ಮಾತಿಗಿಂತ ಜೊತೆಗಿದ್ದ ಹಳೆಯ ಗೆಳೆಯನ ಮಾತು ಜಾಸ್ತಿ ಕೆಲಸ ಮಾಡುತ್ತದೆ. ಅಂಥ ಒಬ್ಬರಿದ್ದರೆ ಗುಟ್ಟಾಗಿ ಫೋನ್ ಮಾಡಿ. ಸಾಯುವ ಮಾತು ಆಡಿದರೆ ಮಾತ್ರ ಕಾಯಬೇಡಿ. ಅವರನ್ನು ಒಬ್ಬರನ್ನೇ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನೀವೂ ಯಾರ ಹತ್ತಿರವಾದರೂ ಮನಸ್ಸು ಬಿಚ್ಚಿ ಮಾತಾಡಿ. ಹೀರೋ ಅನ್ನುವ ಪಟ್ಟ ಕಟ್ಟಿದ ಊರವರು ರಾತ್ರಿ ಎರಡು ಗಂಟೆಗೆ ಎದ್ದು ಕೂರುವುದಿಲ್ಲ, ಕೂರುವವರು ನೀವು. ಆ ಸೇವೆಯಲ್ಲಿ ನಿಮ್ಮ ಪಾಲೂ ಇದೆ.

ಪ್ರಶ್ನೆ: ಕೋಪ ಮಾಡಿಕೊಳ್ಳಬೇಡಿ. ಸಂಬಳ ತಗೊಂಡು ಕೆಲಸ ಮಾಡಿದ್ದಾರೆ, ಪಿಂಚಣಿಯೂ ಬರುತ್ತದೆ. ಅದರ ಮೇಲೆ ಋಣ ಅಂತ ಯಾಕೆ?

ಉತ್ತರ: ಕೋಪ ಇಲ್ಲ, ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡವರು ಬಹಳ ಜನ ಇದ್ದಾರೆ. ನಾನು ಸಂಬಳ ತಗೊಳ್ಳುತ್ತೇನೆ, ಇಷ್ಟವಿಲ್ಲದಿದ್ದರೆ ನಾಳೆ ರಾಜೀನಾಮೆ ಕೊಡಬಹುದು. ಸೈನಿಕ ದಾಳಿಯ ಮಧ್ಯೆ ರಾಜೀನಾಮೆ ಕೊಡಲು ಆಗುವುದಿಲ್ಲ. ಜೀವ ಹೋಗಬಹುದು ಅಂತ ಗೊತ್ತಿದ್ದೇ ಸಹಿ ಹಾಕುವ ಕೆಲಸ ಅದು. ಆ ಭಾಗಕ್ಕೆ ಯಾವ ಸಂಬಳವೂ ಸಮ ಆಗುವುದಿಲ್ಲ.

ಇನ್ನು ಕೊಡುವುದನ್ನೂ ಸರಿಯಾಗಿ ಕೊಟ್ಟಿದ್ದಾರಾ ಅಂತ ನೋಡಬೇಕು. ಅಮೆರಿಕ ಮೊದಲ ಮಹಾಯುದ್ಧದ ಸೈನಿಕರಿಗೆ 1924ರಲ್ಲಿ ಬೋನಸ್ ಘೋಷಿಸಿತು, ಹಣ ಮಾತ್ರ 1945ಕ್ಕೆ ಅಂದಿತು. ಮಧ್ಯೆ ಆರ್ಥಿಕ ಕುಸಿತ ಬಂತು. 1932ರಲ್ಲಿ ಕೆಲಸವಿಲ್ಲದ ಸಾವಿರಾರು ಮಾಜಿ ಸೈನಿಕರು, ಹೆಂಡತಿ ಮಕ್ಕಳ ಸಮೇತ, ಈಗಲೇ ಕೊಡಿ ಅಂತ ವಾಷಿಂಗ್ಟನ್ನಿಗೆ ಬಂದು ಗುಡಿಸಲು ಹಾಕಿಕೊಂಡು ಕೂತರು. ಜುಲೈ 28ರಂದು ಸರ್ಕಾರ ಅವರ ಮೇಲೆ ಸೇನೆಯನ್ನೇ ಬಿಟ್ಟಿತು. ಅಶ್ರುವಾಯು, ಕುದುರೆಗಳು, ಟ್ಯಾಂಕುಗಳು. ಗುಡಿಸಲುಗಳು ಸುಟ್ಟುಹೋದವು. ಆ ಅವಮಾನ ದೇಶಕ್ಕೆ ಪಾಠವೂ ಆಯಿತು. 1944ರಲ್ಲಿ ಬಂದ ಜಿಐ ಬಿಲ್ ಅನ್ನುವ ಕಾಯ್ದೆ ಎರಡನೇ ಮಹಾಯುದ್ಧದಿಂದ ಬಂದವರಿಗೆ ಓದಿನ ಖರ್ಚು, ಮನೆ ಸಾಲಕ್ಕೆ ಸರ್ಕಾರದ ಖಾತರಿ ಕೊಟ್ಟಿತು. ಸುಮಾರು 78 ಲಕ್ಷ ಜನ ಅದರಿಂದ ಓದಿದರು ಅಥವಾ ಕೆಲಸ ಕಲಿತರು. ಆದರೆ ಅದೇ ಯುದ್ಧದಲ್ಲಿ ಸೇವೆ ಮಾಡಿದ ಕಪ್ಪು ಸೈನಿಕರಲ್ಲಿ ಎಷ್ಟೋ ಜನರಿಗೆ ಬ್ಯಾಂಕುಗಳು ಸಾಲ ಕೊಡಲಿಲ್ಲ, ಕಾಲೇಜುಗಳು ಸೀಟು ಕೊಡಲಿಲ್ಲ. ನನಗೆ ಸಿಟ್ಟು ಬರುವುದು ಇಂಥಲ್ಲಿ.

ಪ್ರಶ್ನೆ: ನಮ್ಮ ಸಂಘದಿಂದ ಮಾಜಿ ಸೈನಿಕರ ಸನ್ಮಾನ ಇಟ್ಟುಕೊಂಡಿದ್ದೇವೆ. ಕಾಲು ಕಳೆದುಕೊಂಡ ಒಬ್ಬರಿಗೆ ವೇದಿಕೆಯ ಮೇಲೆ ಗಾಲಿಕುರ್ಚಿ ಕೊಡಬೇಕು ಅಂತ ಇದೆ. ಸಲಹೆ ಕೊಡಿ.

ಉತ್ತರ: ಗಾಲಿಕುರ್ಚಿ ಬೇಕಾ ಅಂತ ಅವರನ್ನು ಕೇಳಿದ್ದೀರಾ? ಬೇಕು ಅಂದರೆ ಮನೆಗೆ ಹೋಗಿ, ಅಳತೆ ನೋಡಿ, ಕೊಟ್ಟು ಬನ್ನಿ. ವೇದಿಕೆಯ ಮೇಲೆ ಅವರ ಕೆಲಸದ ಬಗ್ಗೆ ಮಾತಾಡಿ. ಎರಡನೇ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟಾದವರು ಹೆಚ್ಚು ದಿನ ಬದುಕುವುದಿಲ್ಲ ಅಂತ ವೈದ್ಯರೇ ಕೈಬಿಡುತ್ತಿದ್ದ ಕಾಲದಲ್ಲಿ, ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಅನ್ನುವ ವೈದ್ಯರು ಅಂಥ ಗಾಯಾಳುಗಳನ್ನು ಆಟಕ್ಕೆ ಇಳಿಸಿದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ, ಗಾಲಿಕುರ್ಚಿಯಲ್ಲಿ ಕೂತ 16 ಮಂದಿ ಮಾಜಿ ಸೈನಿಕರು ಆಸ್ಪತ್ರೆಯ ಅಂಗಳದಲ್ಲಿ ಬಿಲ್ಲು ಹಿಡಿದು ಸ್ಪರ್ಧಿಸಿದರು. ಇವತ್ತಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ. ಅಯ್ಯೋ ಪಾಪ ಅನ್ನಿಸಿಕೊಳ್ಳುವುದು ಅವರಿಗೆ ಬೇಕಿರಲಿಲ್ಲ, ನಿಮ್ಮ ಅತಿಥಿಗೂ ಬೇಕಿರಲಿಕ್ಕಿಲ್ಲ.

ಉಳಿದದ್ದು ಚಿಕ್ಕ ಚಿಕ್ಕ ವಿಷಯಗಳು. ಪಟಾಕಿ ಬೇಡ. ವೇದಿಕೆಗೆ ಇಳಿಜಾರು ಹಲಗೆ ಹಾಕಿಸಿ. ಅವರ ಹೆಸರು, ಹುದ್ದೆ, ಘಟಕ ಸರಿಯಾಗಿದೆಯಾ ಅಂತ ಹಿಂದಿನ ದಿನವೇ ಅವರಿಂದಲೇ ಓದಿಸಿ ನೋಡಿ. ಹೆಂಡತಿಯನ್ನೂ ಮೊದಲ ಸಾಲಿನಲ್ಲಿ ಕೂರಿಸಿ. ಭಾಷಣ ಮಾಡುವ ಗಣ್ಯರಿಗೆ ಹತ್ತು ನಿಮಿಷ, ಮಾಜಿ ಸೈನಿಕರಿಗೆ ಬೇಕಾದಷ್ಟು ಹೊತ್ತು, ಮಾತಾಡಲು ಇಷ್ಟವಿಲ್ಲದವರನ್ನು ಒತ್ತಾಯ ಮಾಡಬೇಡಿ. ಆಮೇಲೆ ಅವರನ್ನು ಮನೆಗೆ ಯಾರು ಬಿಡುತ್ತಾರೆ ಅಂತ ಈಗಲೇ ತೀರ್ಮಾನ ಮಾಡಿ. ಒಂದು ಸನ್ಮಾನಕ್ಕೆ ನಮ್ಮಪ್ಪನನ್ನು ಕಾರಿನಲ್ಲಿ ಕರೆದುಕೊಂಡು ಹೋಗಿದ್ದರು. ಫೋಟೋ ಆದ ಮೇಲೆ ಎಲ್ಲರೂ ಹೊರಟುಹೋದರು, ಫಲಕ ಕಂಕುಳಲ್ಲಿ ಇಟ್ಟುಕೊಂಡು ಅವರು ಬಸ್ಸಿನಲ್ಲಿ ನಿಂತುಕೊಂಡು ಮನೆಗೆ ಬಂದರು.